ಪರೀಕ್ಷೆಯ ಅವಧಿಯಿಂದ ವಿಸ್ತೃತ ವಾರಂಟಿಯವರೆಗೆ

ಫ್ರಿಜ್, ವಾಷಿಂಗ್ ಮಷೀನ್, ಟಿ.ವಿ. ಯಾವುದನ್ನೇ ಕೊಳ್ಳಲಿ, ಬೆಲೆ ಕುದುರಿ ಬಿಲ್ಲು ಬರೆಯುವ ಹೊತ್ತಿಗೆ ಅಂಗಡಿಯವರು ಒಂದು ಮಾತನ್ನು ತಪ್ಪದೆ ಕೇಳುತ್ತಾರೆ: ಇನ್ನೆರಡು ವರ್ಷಕ್ಕೆ ಎಕ್ಸ್‌ಟೆಂಡೆಡ್ ವಾರಂಟಿ ಸೇರಿಸಲೇ? ಅದುವರೆಗೆ ಆ ಯಂತ್ರದ ಬಾಳಿಕೆಯನ್ನು ಬಾಯಿತುಂಬ ಹೊಗಳಿದವರೇ ಈಗ ಅದು ಕೆಟ್ಟರೆ ಏನು ಗತಿ ಎಂಬ ಭಯವನ್ನು ಮೆಲ್ಲಗೆ ಮುಂದಿಡುತ್ತಾರೆ. ಈ ಎರಡು ಮಾತುಗಳ ನಡುವಿನ ವಿರೋಧವನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಸರಕಿನಲ್ಲಿ ದೋಷ ಕಂಡರೆ ನಷ್ಟವನ್ನು ಹೊರಬೇಕಾದವರು ಯಾರು, ಕೊಂಡವರೋ ಮಾರಿದವರೋ ಎಂಬ ಪ್ರಶ್ನೆ ಬಹಳ ಹಳೆಯದು. ಅದರ ಚರಿತ್ರೆಯನ್ನು ಸ್ವಲ್ಪ ತಿರುವಿ ನೋಡಿದರೆ ಅಂಗಡಿಯಲ್ಲಿ ಏನು ಉತ್ತರ ಕೊಡಬೇಕೆಂಬುದೂ ತಿಳಿಯಾಗುತ್ತದೆ.

ನಮ್ಮ ದೇಶದ ಧರ್ಮಶಾಸ್ತ್ರಗಳು ಈ ಪ್ರಶ್ನೆಯನ್ನು 'ಕ್ರೀತಾನುಶಯ' ಎಂಬ ಹೆಸರಿನಲ್ಲಿ ಚರ್ಚಿಸಿವೆ. ಕೊಂಡ ಮೇಲೆ ಹುಟ್ಟುವ ಪಶ್ಚಾತ್ತಾಪ ಎಂದು ಅದರ ಅರ್ಥ. ಕೌಟಿಲ್ಯನ ಅರ್ಥಶಾಸ್ತ್ರ ವ್ಯವಹಾರವನ್ನು ಹಿಂತೆಗೆದುಕೊಳ್ಳಲು ವರ್ತಕರಿಗೆ ಒಂದು ರಾತ್ರಿ, ಕೃಷಿಕರಿಗೆ ಮೂರು ರಾತ್ರಿ, ಗೋಪಾಲಕರಿಗೆ ಐದು ರಾತ್ರಿಗಳ ಅವಕಾಶ ಕೊಡುತ್ತದೆ. ಯಾಜ್ಞವಲ್ಕ್ಯ ಸ್ಮೃತಿ ಇದನ್ನೇ ಸರಕಿನ ಸ್ವಭಾವಕ್ಕೆ ತಕ್ಕಂತೆ ವಿಂಗಡಿಸಿ ಪರೀಕ್ಷೆಯ ಅವಧಿಯನ್ನು ಗೊತ್ತುಪಡಿಸುತ್ತದೆ: ಬೀಜಕ್ಕೆ ಹತ್ತು ದಿನ, ಕಬ್ಬಿಣಕ್ಕೆ ಒಂದು ದಿನ, ಹೊರೆ ಎಳೆಯುವ ಪಶುಗಳಿಗೆ ಐದು ದಿನ, ರತ್ನಕ್ಕೆ ಏಳು ದಿನ, ಹಾಲು ಕರೆಯುವ ಪಶುವಿಗೆ ಮೂರು ದಿನ. ಅದೇ ಪಟ್ಟಿಯಲ್ಲಿ ದಾಸ ದಾಸಿಯರಿಗೂ ಪರೀಕ್ಷೆಯ ದಿನಗಳನ್ನು ಎಣಿಸಿರುವುದು ಆ ಕಾಲದ ಕ್ರೌರ್ಯವನ್ನೂ ನಮ್ಮ ಕಣ್ಣಿಗೆ ತರುತ್ತದೆ.

ಈ ಸ್ಮೃತಿಗೆ ಬರೆದ ವ್ಯಾಖ್ಯಾನಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು ವಿಜ್ಞಾನೇಶ್ವರನ 'ಮಿತಾಕ್ಷರಾ'. ಅದು ಹುಟ್ಟಿದ್ದು ನಮ್ಮ ನೆಲದಲ್ಲಿಯೇ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ, ಎಂದರೆ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ. ಆಸ್ತಿಯ ಪಾಲುಪಟ್ಟಿಯ ಗ್ರಂಥವೆಂದು ಮಾತ್ರ ಮಿತಾಕ್ಷರೆಯನ್ನು ಬಲ್ಲ ನಮಗೆ, ಕೊಂಡ ಹಸುವಿನ ಹಾಲನ್ನು ಎಷ್ಟು ದಿನ ಕರೆದು ನೋಡಬಹುದೆಂಬ ವಿಚಾರವೂ ಅದರಲ್ಲಿ ಇದೆಯೆಂಬುದು ಅಷ್ಟಾಗಿ ತಿಳಿದಿಲ್ಲ. ಈ ನಿಯಮಗಳ ಹಿಂದಿರುವ ವಿವೇಕ ಸರಳವಾದದ್ದು. ದೋಷವು ಕಾಣಿಸಿಕೊಳ್ಳಲು ಎಷ್ಟು ಕಾಲ ಬೇಕೋ ಅಷ್ಟು ಕಾಲ ಕೊಂಡವನಿಗೆ ರಕ್ಷಣೆ ಬೇಕು. ಕಬ್ಬಿಣದ ದೋಷ ಒಂದು ದಿನದಲ್ಲಿ ತಿಳಿಯುತ್ತದೆ. ಬೀಜ ಮೊಳೆಯಲು ಹತ್ತು ದಿನ ಕಾಯಬೇಕು. ಈ ರಕ್ಷಣೆಗೆ ಬೇರೆ ಬೆಲೆಯಿರಲಿಲ್ಲ. ಅದು ಮಾರಾಟದ ಅಂಗವೇ ಆಗಿತ್ತು.

ಇಂಗ್ಲೆಂಡಿನ ನ್ಯಾಯಾಲಯಗಳು ಬಹುಕಾಲ ಇದಕ್ಕೆ ವಿರುದ್ಧವಾದ ದಾರಿ ಹಿಡಿದಿದ್ದವು. 1603ರ ಚಾಂಡಲರ್ ಮತ್ತು ಲೋಪಸ್ ಮೊಕದ್ದಮೆ ಕಾನೂನಿನ ವಿದ್ಯಾರ್ಥಿಗಳಿಗೆ ಪರಿಚಿತ. ಒಬ್ಬ ಅಕ್ಕಸಾಲಿಗ 'ಬೆಜೋರ್' ಕಲ್ಲೆಂದು ಹೇಳಿ ಒಂದು ಕಲ್ಲನ್ನು ನೂರು ಪೌಂಡಿಗೆ ಮಾರಿದ. ಪಶುಗಳ ಹೊಟ್ಟೆಯಲ್ಲಿ ದೊರೆಯುವ ಆ ಕಲ್ಲು ವಿಷವನ್ನು ಇಳಿಸುತ್ತದೆಂದು ಅಂದಿನವರ ನಂಬಿಕೆ. ಕೊಂಡವನು ಅದು ನಿಜವಾದ ಬೆಜೋರ್ ಅಲ್ಲವೆಂದು ದೂರಿದಾಗ, ಮಾರಿದವನು ಹಾಗೆಂದು ಹೇಳಿದ್ದನೇ ಹೊರತು ವಾರಂಟಿ ಕೊಟ್ಟಿರಲಿಲ್ಲ, ಆದ್ದರಿಂದ ಹೊಣೆ ಅವನದಲ್ಲ ಎಂಬುದು ನ್ಯಾಯಾಧೀಶರ ನಿಲುವಾಯಿತು. ಕೊಳ್ಳುವವನೇ ಎಚ್ಚರದಿಂದಿರಬೇಕು ಎಂಬ ತತ್ತ್ವ ಹೀಗೆ ಬೇರೂರಿತು. ಕೊಳ್ಳುವವನ ಕಣ್ಣಿಗೆ ಸರಕಿನ ಗುಣದೋಷ ಕಾಣುವಂತಿದ್ದರೆ ಈ ತತ್ತ್ವ ಸಹ್ಯವೇ. ದನದ ಜಾತ್ರೆಯಲ್ಲಿ ನಮ್ಮ ರೈತರು ಎತ್ತಿನ ಹಲ್ಲು ಹಿಡಿದು, ಸುಳಿ ನೋಡಿ, ನಡೆಸಿ ಕೊಳ್ಳುತ್ತಿದ್ದರು. ಆದರೆ ಮುಚ್ಚಿದ ಪೆಟ್ಟಿಗೆಯೊಳಗಿನ ಕಂಪ್ರೆಸರಿಗೆ ನೋಡಲು ಹಲ್ಲೂ ಇಲ್ಲ, ಸುಳಿಯೂ ಇಲ್ಲ.

ಯಂತ್ರಯುಗ ಬಂದಂತೆ ಕಾನೂನೂ ಮೆತ್ತಗಾಯಿತು. ಬ್ರಿಟನ್ನಿನ 1893ರ ಕಾಯಿದೆಯ ಜಾಡಿನಲ್ಲಿ ನಮ್ಮಲ್ಲಿ 1930ರ ಸರಕು ಮಾರಾಟ ಕಾಯಿದೆ ಬಂತು. ಅದರ 16ನೆಯ ಕಲಮು ಹಳೆಯ ತತ್ತ್ವವನ್ನು ಮೊದಲು ಹೇಳಿ, ಆಮೇಲೆ ಅದಕ್ಕೆ ಅಪವಾದಗಳನ್ನು ಜೋಡಿಸುತ್ತದೆ. ಕೊಳ್ಳುವವನು ತನ್ನ ಉದ್ದೇಶವನ್ನು ತಿಳಿಸಿ ಮಾರುವವನ ತಿಳಿವಳಿಕೆಯನ್ನು ನಂಬಿದ್ದರೆ ಸರಕು ಆ ಉದ್ದೇಶಕ್ಕೆ ಒದಗಬೇಕು. ಅಂಥ ಸರಕಿನ ವ್ಯಾಪಾರಿಯಿಂದಲೇ ವಿವರಣೆಯ ಮೇಲೆ ಕೊಂಡದ್ದಾದರೆ ಅದು ಮಾರಾಟಕ್ಕೆ ಯೋಗ್ಯವಾದ ಗುಣಮಟ್ಟದ್ದಾಗಿರಬೇಕು. ಇವು ಬಾಯಲ್ಲಿ ಹೇಳದಿದ್ದರೂ ಮಾರಾಟದಲ್ಲಿ ಅಡಕವಾಗಿರುವ ಷರತ್ತುಗಳು. ಆದರೆ ಅದೇ ಕಾಯಿದೆಯ 62ನೆಯ ಕಲಮು ಪರಸ್ಪರ ಒಪ್ಪಂದದಿಂದ ಈ ಷರತ್ತುಗಳನ್ನು ತೆಗೆದುಹಾಕಲೂ ಬಿಡುತ್ತದೆ. ಯಂತ್ರದ ಜೊತೆಗೆ ಬರುವ ವಾರಂಟಿ ಕಾರ್ಡಿನ ಇಬ್ಬಗೆಯ ಸ್ವಭಾವಕ್ಕೆ ಮೂಲ ಇಲ್ಲಿದೆ. ಅದು ಒಂದು ಕೈಯಲ್ಲಿ ಭರವಸೆ ಕೊಡುತ್ತದೆ, ಇನ್ನೊಂದು ಕೈಯಲ್ಲಿ ಆ ಭರವಸೆಗೆ ಬೇಲಿ ಹಾಕುತ್ತದೆ. ಗ್ಯಾರಂಟಿ ಎಂದರೆ ಬದಲಿ ಕೊಡುವುದು, ವಾರಂಟಿ ಎಂದರೆ ರಿಪೇರಿ ಮಾಡಿಕೊಡುವುದು ಎಂಬ ವ್ಯತ್ಯಾಸ ಅಂಗಡಿಯ ರೂಢಿಯೇ ಹೊರತು ಈ ಕಾಯಿದೆಯದಲ್ಲ.

ಇಷ್ಟಾದರೂ ಕಂಪನಿಗಳು ತಾವಾಗಿಯೇ ಏಕೆ ವಾರಂಟಿ ಕೊಡುತ್ತವೆ? 1970ರಲ್ಲಿ ಜಾರ್ಜ್ ಆಕರ್‌ಲಾಫ್ ಎಂಬ ಅರ್ಥಶಾಸ್ತ್ರಜ್ಞರು ಪ್ರಕಟಿಸಿದ ಒಂದು ಲೇಖನ ಇದಕ್ಕೆ ಉತ್ತರ ಕೊಟ್ಟಿತು. ಹಳೆಯ ಕಾರುಗಳ ಪೇಟೆಯನ್ನು ಉದಾಹರಣೆಯಾಗಿಟ್ಟುಕೊಂಡು, ಮಾರುವವನಿಗೆ ಗೊತ್ತಿರುವ ದೋಷ ಕೊಳ್ಳುವವನಿಗೆ ಗೊತ್ತಿಲ್ಲದಿದ್ದಾಗ ಒಳ್ಳೆಯ ಸರಕೇ ಪೇಟೆಯಿಂದ ಹೊರಬೀಳುವ ಅಪಾಯವಿದೆಯೆಂದು ಅವರು ತೋರಿಸಿದರು. ಅದಕ್ಕೆ ಮದ್ದಾಗಿ ಅವರು ಹೆಸರಿಸಿದ ಏರ್ಪಾಡುಗಳಲ್ಲಿ ಮಾರುವವನೇ ಹೊಣೆ ಹೊರುವ ಗ್ಯಾರಂಟಿಯೂ ಒಂದು. ಆ ಲೇಖನದಲ್ಲಿ ಭಾರತದ ಸಾಲದ ಪೇಟೆಯ ಚರ್ಚೆಯೂ ಇದೆ. 2001ರಲ್ಲಿ ಅವರು ಇನ್ನಿಬ್ಬರೊಡನೆ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಕಂಪನಿ ಉಚಿತವಾಗಿ ಕೊಡುವ ವಾರಂಟಿ ಒಂದು ಸಾಕ್ಷ್ಯ. ನನ್ನ ಸರಕಿನ ಮೇಲೆ ನನಗೇ ನಂಬಿಕೆಯಿದೆ ಎಂಬ ಹೇಳಿಕೆ. ದುಡ್ಡು ಕೊಟ್ಟು ಕೊಳ್ಳುವ ವಾರಂಟಿ ಅಂಥ ಸಾಕ್ಷ್ಯವಲ್ಲ, ಅದು ಒಂದು ಬಗೆಯ ವಿಮೆ. ವಿಮೆಯನ್ನು ವಿಮೆಯಂತೆಯೇ ತೂಗಿ ನೋಡಬೇಕು.

ಹೊರದೇಶಗಳಲ್ಲಿ ಸರಕಾರಗಳು ಈ ವ್ಯಾಪಾರದ ಮೇಲೆ ಬಹಳ ಹಿಂದೆಯೇ ಕಣ್ಣಿಟ್ಟವು. ಅಮೆರಿಕದಲ್ಲಿ 1975ರ ಮ್ಯಾಗ್ನುಸನ್-ಮಾಸ್ ವಾರಂಟಿ ಕಾಯಿದೆ, ಲಿಖಿತ ವಾರಂಟಿ ಕೊಟ್ಟವರು ಕಾನೂನಿನಲ್ಲಿ ಅಡಕವಾದ ಭರವಸೆಗಳನ್ನು ಅಳಿಸಿಹಾಕುವುದನ್ನು ತಡೆಯಿತು. ಬ್ರಿಟನ್ನಿನಲ್ಲಿ ಸ್ಪರ್ಧಾ ಆಯೋಗವು ವಿಸ್ತೃತ ವಾರಂಟಿಗಳ ಪೇಟೆಯನ್ನೇ ವಿಚಾರಣೆಗೆ ಒಳಪಡಿಸಿ 2003ರಲ್ಲಿ ವರದಿ ಕೊಟ್ಟಿತು. ಅದರ ಫಲವಾಗಿ ಬಂದ 2005ರ ಆದೇಶದಂತೆ ಅಂಗಡಿಯವರು ವಾರಂಟಿಯ ಬೆಲೆಯನ್ನು ಸರಕಿನ ಬೆಲೆಯ ಜೊತೆಗೇ ಕಾಣುವಂತೆ ಹಾಕಬೇಕು; ಕೊಂಡವರಿಗೆ ಅದನ್ನು ರದ್ದುಮಾಡಲು 45 ದಿನಗಳ ಅವಕಾಶ ಕೊಡಬೇಕು. ಕ್ರೀತಾನುಶಯದ ಹಳೆಯ ತತ್ತ್ವವೇ ಇಲ್ಲಿ ಹೊಸ ವೇಷದಲ್ಲಿ ಮರಳಿ ಬಂದಂತಿದೆ.

ನಮ್ಮಲ್ಲಿ ಏಕಸ್ವಾಮ್ಯ ಹಾಗೂ ನಿರ್ಬಂಧಕ ವ್ಯಾಪಾರ ಪದ್ಧತಿಗಳ ಕಾಯಿದೆಗೆ 1984ರಲ್ಲಿ ಆದ ತಿದ್ದುಪಡಿ 'ಅನುಚಿತ ವ್ಯಾಪಾರ ಪದ್ಧತಿ' ಎಂಬ ಕಲ್ಪನೆಯನ್ನು ತಂದಿತು. 1986ರ ಗ್ರಾಹಕ ಸಂರಕ್ಷಣಾ ಕಾಯಿದೆ ಸಾಮಾನ್ಯರಿಗೆ ದೂರು ಕೊಡುವ ವೇದಿಕೆಯನ್ನು ಒದಗಿಸಿತು. ಅದರ ಸ್ಥಾನದಲ್ಲಿ ಬಂದ 2019ರ ಕಾಯಿದೆ 2020ರ ಜುಲೈಯಿಂದ ಜಾರಿಯಲ್ಲಿದೆ. ತಕ್ಕ ಪರೀಕ್ಷೆಯಿಲ್ಲದೆ ಬಾಳಿಕೆಯ ಭರವಸೆ ಕೊಡುವುದೂ, ದೋಷವುಳ್ಳ ಸರಕನ್ನು ಹಿಂತೆಗೆದುಕೊಳ್ಳಲು ನಿರಾಕರಿಸುವುದೂ ಅದರ ಪ್ರಕಾರ ಅನುಚಿತ ಪದ್ಧತಿಗಳೇ. ಹೊರನಾಡಿನ ನಮಗೆ ಅದರಲ್ಲೊಂದು ವಿಶೇಷ ಅನುಕೂಲವಿದೆ. ಗ್ರಾಹಕನು ತಾನು ವಾಸಿಸುವ ಅಥವಾ ದುಡಿಯುವ ಊರಿನಲ್ಲಿಯೇ ದೂರು ಹೂಡಬಹುದು. ಬೆಂಗಳೂರಿನಲ್ಲಿ ಕೊಂಡ ಯಂತ್ರದ ಬಗೆಗೆ ಪುಣೆಯಲ್ಲಿ ನ್ಯಾಯ ಕೇಳಬಹುದು. ಕೊಟ್ಟ ಬೆಲೆ ಐದು ಲಕ್ಷ ರೂಪಾಯಿಗಳ ಒಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಕಾರಣ ಹುಟ್ಟಿದ ಎರಡು ವರ್ಷಗಳೊಳಗೆ ಹೋಗಬೇಕು.

ಇನ್ನು ಲೆಕ್ಕದ ಮಾತು. ಯಂತ್ರಗಳು ಕೆಡುವ ಬಗೆಯನ್ನು ಎಂಜಿನಿಯರುಗಳು ಸ್ನಾನದ ತೊಟ್ಟಿಯ ಆಕಾರದ ಗೆರೆಯಿಂದ ತೋರಿಸುತ್ತಾರೆ. ತಯಾರಿಕೆಯ ದೋಷವಿದ್ದರೆ ಅದು ಮೊದಲ ತಿಂಗಳುಗಳಲ್ಲಿಯೇ ಹೊರಬೀಳುತ್ತದೆ. ಆಮೇಲೆ ಹಲವು ವರ್ಷ ಗೆರೆ ಮಟ್ಟಸವಾಗಿ ಸಾಗುತ್ತದೆ. ಸವೆತದ ಕಾಲ ಬಂದಾಗ ಮತ್ತೆ ಏರುತ್ತದೆ. ಮೊದಲ ಭಾಗವನ್ನು ಕಂಪನಿಯ ವಾರಂಟಿಯೇ ನೋಡಿಕೊಳ್ಳುತ್ತದೆ. ವಿಸ್ತೃತ ವಾರಂಟಿ ಮಾರಾಟವಾಗುವುದು ಹೆಚ್ಚಾಗಿ ನಡುವಿನ ಮಟ್ಟಸ ಭಾಗಕ್ಕೆ. ಏರುವ ಹೊತ್ತಿಗೆ ಅದರ ಅವಧಿ ಮುಗಿದಿರುತ್ತದೆ.

ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. 25,000 ರೂಪಾಯಿಯ ವಾಷಿಂಗ್ ಮಷೀನಿಗೆ ಎರಡು ವರ್ಷಗಳ ಹೆಚ್ಚುವರಿ ವಾರಂಟಿಯ ಬೆಲೆ 2,500 ರೂಪಾಯಿ. ಸಾಮಾನ್ಯ ರಿಪೇರಿಯ ವೆಚ್ಚ 4,000 ರೂಪಾಯಿ ಎನ್ನೋಣ. ಕೊಟ್ಟ ಹಣ ಗಿಟ್ಟಬೇಕಾದರೆ ಅಂಥ ನೂರು ಯಂತ್ರಗಳಲ್ಲಿ 62ಕ್ಕಿಂತ ಹೆಚ್ಚು ಆ ಎರಡೇ ವರ್ಷಗಳಲ್ಲಿ ಕೆಡಬೇಕು. ಅಷ್ಟು ಕೆಡುವ ಯಂತ್ರವಾದರೆ ಅದನ್ನು ಕೊಳ್ಳದಿರುವುದೇ ಜಾಣತನ. ಒಂದು ಸಂಸಾರ ಹಲವು ವರ್ಷಗಳಲ್ಲಿ ಕೊಳ್ಳುವ ಹತ್ತು ಉಪಕರಣಗಳಿಗೆ ಈ ಹಣವನ್ನು ಅಂಗಡಿಗೆ ಕೊಡದೆ ಬ್ಯಾಂಕಿನಲ್ಲಿಟ್ಟರೆ 25,000 ರೂಪಾಯಿ ಕೂಡುತ್ತದೆ. ನಡುವೆ ಎರಡು ಮೂರು ರಿಪೇರಿ ಬಂದರೂ ಅರ್ಧಕ್ಕೂ ಹೆಚ್ಚು ಮನೆಯಲ್ಲೇ ಉಳಿಯುತ್ತದೆ.

ಷರತ್ತುಗಳ ಸಣ್ಣ ಅಕ್ಷರಗಳು ಲೆಕ್ಕವನ್ನು ಇನ್ನಷ್ಟು ಕೆಡಿಸುತ್ತವೆ. ವೋಲ್ಟೇಜಿನ ಏರಿಳಿತ, ಇಲಿಯ ಕಾಟ, ನೀರು ಹೊಕ್ಕದ್ದು, ಪ್ಲಾಸ್ಟಿಕ್ ಮತ್ತು ಗಾಜಿನ ಭಾಗಗಳು ಹಲವು ಯೋಜನೆಗಳಲ್ಲಿ ಹೊರಗುಳಿಯುತ್ತವೆ. ಫ್ರಿಜ್ ಮತ್ತು ಎ.ಸಿ.ಗಳ ಕಂಪ್ರೆಸರಿಗೆ ಎಷ್ಟೋ ಕಂಪನಿಗಳು ಮೊದಲೇ ಹತ್ತು ವರ್ಷಗಳ ಭರವಸೆ ಕೊಟ್ಟಿರುತ್ತವೆ. ಅದಕ್ಕೇ ಮತ್ತೊಮ್ಮೆ ಹಣ ಕೊಡುವುದು ವ್ಯರ್ಥ. ಆದರೆ ಆ ಭರವಸೆ ಬಿಡಿಭಾಗಕ್ಕಷ್ಟೇ ಸೀಮಿತವಾಗಿ, ಗ್ಯಾಸ್ ತುಂಬುವ ಖರ್ಚೂ ಕೂಲಿಯೂ ನಮ್ಮ ಮೇಲೆಯೇ ಬೀಳುವುದುಂಟೆಂಬುದನ್ನೂ ಮರೆಯಬಾರದು. ಎಮ್ಮೆ ನೀರಿನಲ್ಲಿದ್ದಾಗಲೇ ದಡದಲ್ಲಿ ಬೆಲೆ ಕಟ್ಟುವ ವ್ಯವಹಾರವನ್ನು ಅಣಕಿಸುವ ಗಾದೆಯೊಂದು ಮರಾಠಿಯಲ್ಲಿದೆ. ಷರತ್ತು ಓದದೆ ಕೊಂಡ ವಾರಂಟಿಯೂ ಹಾಗೆಯೇ.

ಹಾಗಾದರೆ ಎಂದಿಗೂ ಕೊಳ್ಳಬಾರದೇ? ಹಾಗೆ ಹೇಳಲು ನಾವು ಸಿದ್ಧರಿಲ್ಲ. ಹೊರನಾಡಿನ ಬದುಕಿನಲ್ಲಿ ಈ ವ್ಯಾಪಾರಕ್ಕೆ ಒಂದು ಮೆತ್ತನೆಯ ಜಾಗ ಸಿಗುತ್ತದೆ. ಊರಿನಲ್ಲಿದ್ದರೆ ರೇಡಿಯೋ ರಿಪೇರಿಯವನು ಗೊತ್ತಿದ್ದವನು, ಸೋದರಮಾವನ ಸಹಪಾಠಿ, ಸಂಜೆ ಬಂದು ನೋಡಿ ಹೋಗುವವನು. ಬಾಡಿಗೆಯ ಮನೆ, ಬಾರದ ಭಾಷೆ, ಮೂರು ವರ್ಷಕ್ಕೊಮ್ಮೆ ವರ್ಗಾವಣೆ ಇರುವಲ್ಲಿ ಆ ನಂಬಿಕೆಯ ಮನುಷ್ಯ ಸಿಗುವುದಿಲ್ಲ. ವಯಸ್ಸಾದ ತಂದೆ ತಾಯಿಯರನ್ನು ಊರಿನಲ್ಲಿ ಬಿಟ್ಟು ಬಂದವರಿಗೆ, ಅಲ್ಲಿ ಫ್ರಿಜ್ ಕೆಟ್ಟರೆ ಒಂದು ಫೋನಿಗೆ ಯಾರಾದರೂ ಬರಲಿ ಎನ್ನಿಸುವುದು ಸಹಜ. ಅಂಥವರು ಕೊಳ್ಳುವುದು ರಿಪೇರಿಯನ್ನಲ್ಲ, ನೆಮ್ಮದಿಯನ್ನು. ಒಮ್ಮೆಲೇ ಹತ್ತು ಸಾವಿರ ಹೊಂದಿಸಲಾಗದ ಮನೆಗೂ, ಜೀವನೋಪಾಯವೇ ಒಂದು ಲ್ಯಾಪ್‌ಟಾಪಿನ ಮೇಲೆ ನಿಂತವರಿಗೂ, ಪರದೆ ಕೆಟ್ಟರೆ ಹೊಸದರ ಬೆಲೆಯ ಹತ್ತಿರ ಹೋಗುವ ದೊಡ್ಡ ಟಿ.ವಿ.ಗೂ ವಿಮೆಗೆ ಅರ್ಥವಿರಬಹುದು. ಆಗಲೂ ನಾಲ್ಕು ಪ್ರಶ್ನೆ ಕೇಳಿ ಬರವಣಿಗೆಯಲ್ಲಿ ಉತ್ತರ ಪಡೆಯಬೇಕು. ಹೊಣೆ ಹೊರುವವರು ತಯಾರಕರೋ, ಅಂಗಡಿಯೋ, ಮೂರನೆಯವರೋ? ಅವಧಿ ಎಂದಿನಿಂದ ಎಂದಿನವರೆಗೆ? ಊರು ಬದಲಾದರೆ ಸೇವೆ ಹಿಂಬಾಲಿಸುತ್ತದೆಯೇ? ಬಿಡಿಭಾಗ ಸಿಗದಿದ್ದರೆ ಎಷ್ಟು ಹಣ ಮರಳುತ್ತದೆ?

ಉಳಿದವರಿಗೆ ನಮ್ಮ ಸಲಹೆ ಬೇಡವೆಂದೇ. ಬಿಲ್ಲನ್ನೂ ಕಾರ್ಡನ್ನೂ ಜೋಪಾನವಾಗಿಟ್ಟು, ಕೊಂಡ ಮೊದಲ ತಿಂಗಳುಗಳಲ್ಲಿಯೇ ಯಂತ್ರವನ್ನು ಚೆನ್ನಾಗಿ ದುಡಿಸಿ ಪರೀಕ್ಷಿಸಬೇಕು. 2022ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಆರಂಭಿಸಿದ 'ರೈಟ್ ಟು ರಿಪೇರ್' ತಾಣದಂಥ ಪ್ರಯತ್ನಗಳು ಬಲಗೊಂಡು, ಬಿಡಿಭಾಗಗಳೂ ದುರಸ್ತಿಯ ವಿವರಗಳೂ ಎಲ್ಲರಿಗೂ ಸಿಗುವಂತಾದರೆ ಈ ಭಯದ ವ್ಯಾಪಾರ ತಾನಾಗಿಯೇ ತಗ್ಗೀತು. ಕಲ್ಯಾಣದ ಶಾಸ್ತ್ರಕಾರನು ಹಸುವಿಗೆ ಮೂರು ದಿನ, ಬೀಜಕ್ಕೆ ಹತ್ತು ದಿನ ಎಂದು ಎಣಿಸುವ ಸ್ಮೃತಿಯನ್ನು ವಿವರಿಸಿದಾಗ ಕೊಂಡವನು ಆ ದಿನಗಳಿಗಾಗಿ ಬೇರೆ ಹಣ ತೆರಬೇಕೆಂಬ ಮಾತು ಅಲ್ಲಿ ಬರಲಿಲ್ಲ. ಒಳ್ಳೆಯ ಸರಕನ್ನು ಕೊಡುವುದು ಮಾರುವವನ ಕರ್ತವ್ಯವೆಂಬ ಆ ಗ್ರಹಿಕೆಯನ್ನು ನಾವು ಎರಡು ಸಾವಿರ ರೂಪಾಯಿಗೆ ಬಿಟ್ಟುಕೊಡಬೇಕಾಗಿಲ್ಲ.