ಎರಡು ಮೊಹರುಗಳ ನಡುವೆ

ಬ್ಯಾಂಕಾಕ್‌ಗೆ ಹೋಗಿಬಂದವರಲ್ಲಿ ಹೆಚ್ಚಿನವರು ವಿಕ್ಟರಿ ಮಾನ್ಯುಮೆಂಟ್ ನೋಡಿರುತ್ತಾರೆ. ದೊಡ್ಡ ಸರ್ಕಲ್, ಮಧ್ಯದಲ್ಲಿ ಬಂದೂಕಿನ ಬಾಯ್ನೆಟ್‌ಗಳನ್ನು ನಿಲ್ಲಿಸಿಟ್ಟಂಥ ಸ್ತಂಭ, ಪಕ್ಕದಲ್ಲೇ ಸ್ಕೈಟ್ರೇನ್ ಸ್ಟೇಷನ್. ಯಾರ ಮೇಲಿನ ವಿಕ್ಟರಿ ಅಂತ ಕೇಳಿದವರು ಕಡಿಮೆ. 1940ರ ಕೊನೆಯಲ್ಲಿ ಥಾಯ್ಲೆಂಡ್ ತನ್ನ ಪೂರ್ವಕ್ಕಿದ್ದ ಫ್ರೆಂಚ್ ಇಂಡೋಚೈನಾದ ಜೊತೆ ಒಂದು ಸಣ್ಣ ಯುದ್ಧ ಮಾಡಿತು. ಜಪಾನ್ ಮಧ್ಯಸ್ಥಿಕೆ ವಹಿಸಿತು. 1941ರಲ್ಲಿ ಕಾಂಬೋಡಿಯಾದ ಬಟ್ಟಂಬಾಂಗ್ ಪ್ರಾಂತ್ಯ, ಸಿಯೆಮ್ ರೀಪ್ ಪ್ರಾಂತ್ಯದ ಒಂದಷ್ಟು ಭಾಗ ಥಾಯ್ಲೆಂಡಿನ ಕೈಗೆ ಬಂತು. ಆ ಖುಷಿಗೆ ಈ ಕಂಬ. ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ, ಗೆದ್ದ ಜಾಗವನ್ನೆಲ್ಲ ವಾಪಸ್ ಕೊಡಬೇಕಾಯಿತು. ಜಾಗ ಹೋಯಿತು, ಕಂಬ ಉಳಿಯಿತು. ಎಷ್ಟೋ ವರ್ಷ ಕಾಂಬೋಡಿಯಾ ಗಡಿಗೆ ಹೋಗುವ ಮಿನಿವ್ಯಾನುಗಳು ಹೊರಡುತ್ತಿದ್ದದ್ದು ಇದೇ ಕಂಬದ ಬುಡದಿಂದ ಅನ್ನೋದು ತಮಾಷೆಯಾದರೂ ನಿಜ.

ಆ ವ್ಯಾನುಗಳು ಹೋಗಿ ಮುಟ್ಟುತ್ತಿದ್ದ ಗಡಿ ಪೋಯಿಪೆಟ್. ಬ್ಯಾಕ್‌ಪ್ಯಾಕ್ ಹೊತ್ತು ಆಗ್ನೇಯ ಏಷ್ಯಾ ಸುತ್ತುವವರ ಲೋಕದಲ್ಲಿ ಇದಕ್ಕಿರುವಷ್ಟು ಕೆಟ್ಟ ಹೆಸರು ಬೇರೆ ಯಾವ ಗಡಿಗೂ ಇಲ್ಲ. ನಕಲಿ ವೀಸಾ ಅಂಗಡಿ, ದಲ್ಲಾಳಿ, ಧೂಳು, ಮುಗಿಯದ ಸಾಲು. ಗೈಡ್‌ಬುಕ್ಕುಗಳು ಎರಡು ದಶಕದಿಂದ ಎಚ್ಚರಿಸುತ್ತಲೇ ಬಂದಿವೆ. 'ವಿಮಾನದಲ್ಲಿ ಹೋಗಿ' ಅನ್ನೋದು ಅವುಗಳ ಸಾರಾಂಶ.

2017ರ ಜನವರಿಯಲ್ಲಿ ನಾನು ಮತ್ತು ನನ್ನ ಆಫೀಸಿನ ಗೆಳೆಯ ಇಬ್ಬರೂ ನೆಲದ ಮೇಲೇ ಹೋದೆವು. ಬ್ಯಾಂಕಾಕಿನಿಂದ ಬೆಳಗ್ಗೆ ಆರು ಗಂಟೆಗೆ ಮುಂಚೆ ಹೊರಡುವ ಥರ್ಡ್ ಕ್ಲಾಸ್ ರೈಲು. ಟಿಕೆಟ್ ನಮ್ಮ ಲೆಕ್ಕದಲ್ಲಿ ನೂರು ರೂಪಾಯಿಯ ಒಳಗೆ. ಕಿಟಕಿಯಾಚೆ ಗದ್ದೆ, ಕೆರೆ, ಬಾಳೆ, ಮತ್ತೆ ಗದ್ದೆ. ಭದ್ರಾ ನಾಲೆಯ ನೀರಲ್ಲಿ ಭತ್ತ ಬೆಳೆಯುವ ಊರಿನವನು ನಾನು, ನನಗೆ ಅದರಲ್ಲಿ ಅಪರಿಚಿತವಾದದ್ದು ಏನೂ ಕಾಣಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅರಣ್ಯಪ್ರಥೇಟ್. ಹೆಸರಿನಲ್ಲಿ ಇರುವುದು ನಮ್ಮದೇ 'ಅರಣ್ಯ', ನಮ್ಮದೇ 'ಪ್ರದೇಶ'.

ಅಲ್ಲಿಂದ ಗಡಿಗೆ ಆರೇ ಕಿಲೋಮೀಟರ್. ಆದರೆ ಟುಕ್‌ಟುಕ್‌ನವನು ಮೊದಲು ನಿಲ್ಲಿಸಿದ್ದು ಒಂದು ಅಂಗಡಿಯ ಮುಂದೆ. ಬಾವುಟ, ಕೌಂಟರು, ರಬ್ಬರ್ ಸ್ಟ್ಯಾಂಪು, ಕತ್ತಿಗೆ ಐಡಿ ಕಾರ್ಡ್ ಹಾಕಿಕೊಂಡ ಇಬ್ಬರು. "ವೀಸಾ ಹಿಯರ್ ಓನ್ಲಿ. ದೇರ್ ನೋ ವೀಸಾ." ವೀಸಾದ ಅಸಲಿ ದರ ಆಗ 30 ಡಾಲರ್. ಇಲ್ಲಿ ಕೇಳಿದ್ದು ಹೆಚ್ಚುಕಡಿಮೆ ಅದರ ದುಪ್ಪಟ್ಟು. ನಾವು ಎದ್ದು ಬಂದೆವು, ಟುಕ್‌ಟುಕ್‌ನವನು ಮುಖ ಊದಿಸಿಕೊಂಡ, ಉಳಿದ ದಾರಿ ನಡೆದೇ ಹೋದೆವು. ನಮ್ಮೂರಿನ ಸಬ್‌ರಿಜಿಸ್ಟ್ರಾರ್ ಆಫೀಸಿನ ಮುಂದೆ ಟೈಪ್‌ರೈಟರ್ ಇಟ್ಟುಕೊಂಡು ಕೂತವರನ್ನು ನೋಡಿ ಬೆಳೆದವನಿಗೆ ಈ ವ್ಯಾಪಾರ ಅರ್ಥವಾಗದ್ದೇನಲ್ಲ.

ಥಾಯ್ಲೆಂಡಿನಿಂದ ಹೊರಟ ಮೊಹರು ಬಿತ್ತು. ನಮ್ಮದು ಒಂದೇ ಸಲ ಬಳಸಬಹುದಾದ ವೀಸಾ. ಮೊಹರು ಬಿದ್ದ ಮೇಲೆ ಹಿಂದಕ್ಕೆ ಹೋಗುವ ಹಾಗಿಲ್ಲ. ಒಂದು ಸಣ್ಣ ಹಳ್ಳ, ಅದರ ಮೇಲೆ ಸೇತುವೆ. ಸೇತುವೆ ಈಚೆ ಗಾಡಿಗಳು ನಮ್ಮ ಹಾಗೆ ಎಡಕ್ಕೆ, ಆಚೆ ಫ್ರೆಂಚರ ಹಾಗೆ ಬಲಕ್ಕೆ. ಆಚೆ ತುದಿಯಲ್ಲಿ ಅಂಗ್ಕೋರ್ ವಾಟ್‌ನ ಗೋಪುರಗಳನ್ನು ಹೊತ್ತ ಕಮಾನು. ಎರಡೂ ದೇಶದ ಚೆಕ್‌ಪೋಸ್ಟ್‌ಗಳ ನಡುವಿನ ಆ ಪಟ್ಟಿಯಲ್ಲಿ ಸಾಲಾಗಿ ಕ್ಯಾಸಿನೋಗಳು. ಥಾಯ್ಲೆಂಡಿನಲ್ಲಿ ಕ್ಯಾಸಿನೋ ನಿಷಿದ್ಧ, ಕಾಂಬೋಡಿಯಾದಲ್ಲಿ ಅಲ್ಲಿನ ಪ್ರಜೆಗಳೇ ಜೂಜಾಡುವಂತಿಲ್ಲ. ಹಾಗಾಗಿ ಇಬ್ಬರ ಕಾನೂನಿಗೂ ಅನುಕೂಲವಾದ ಜಾಗದಲ್ಲಿ ಕಟ್ಟಿದ್ದಾರೆ. ಅವುಗಳ ಎಸಿ ಗಾಜಿನ ಮುಂದೆ ಆಳುದ್ದದ ಮರದ ಕೈಗಾಡಿಗಳನ್ನು ಗಂಡಸರು, ಹೆಂಗಸರು, ಹುಡುಗರು ಎಳೆಯುತ್ತಿದ್ದರು. ಥಾಯ್ ಕಡೆಯ ರೊಂಗ್ ಕ್ಲುವಾ ಸಂತೆಗೆ ಹಳೇ ಬಟ್ಟೆ, ಹಳೇ ಶೂಗಳ ಮೂಟೆ ಹೋಗುತ್ತಿತ್ತು, ಅಲ್ಲಿಂದ ತರಕಾರಿ, ಪ್ಲಾಸ್ಟಿಕ್ ಸಾಮಾನು ಬರುತ್ತಿತ್ತು.

ನಮ್ಮ ಮುಂದೆ ಎರಡು ಟೂರಿಸ್ಟ್ ಬಸ್ಸುಗಳ ಜನ. ತಗಡಿನ ಮಾಡು, ಫ್ಯಾನಿಲ್ಲ. ಸಾಲು ಕರಗಲು ಮೂರು ಗಂಟೆ ಹಿಡಿಯಿತು. "ಮಗಾ, ಒಂದ್ ಗಂಟೆ ಫ್ಲೈಟ್ ಇತ್ತು ಕಣೋ," ಅಂತ ಗೆಳೆಯ ನಾಲ್ಕು ಸಲ ಹೇಳಿದ. ಆ ಮೂರು ಗಂಟೆ ನಾವು ಯಾವ ದೇಶದಲ್ಲೂ ಇರಲಿಲ್ಲ.

ಕಾಂಬೋಡಿಯಾದ ರೂಮಿನಲ್ಲಿ ಕೂತು, ಬೆಂಗಳೂರಿಗೆ ವಾಪಸ್ ಬಂದ ಮೇಲೆ ಇನ್ನಷ್ಟು ಕೂತು, ಈ ಗಡಿಯ ಬಗ್ಗೆ ಓದುತ್ತಾ ಹೋದೆ. ಓದಿದ ಮೇಲೆ ಆ ಮೂರು ಗಂಟೆಯ ಬಗ್ಗೆ ಬೈಯುವ ಉತ್ಸಾಹ ಹೋಯಿತು.

1863ರಲ್ಲಿ ಕಾಂಬೋಡಿಯಾದ ರಾಜ ನೊರೊದೊಮ್ ಫ್ರೆಂಚರ ರಕ್ಷಣೆ ಒಪ್ಪಿಕೊಂಡ. ಅದಕ್ಕೂ ಮೊದಲು ಸಿಯಾಮ್, ಅಂದರೆ ಇವತ್ತಿನ ಥಾಯ್ಲೆಂಡ್, ಅವನ ಮೇಲೆ ಯಜಮಾನಿಕೆ ನಡೆಸುತ್ತಿತ್ತು. 1867ರ ಒಪ್ಪಂದದಲ್ಲಿ ಸಿಯಾಮ್ ಆ ಯಜಮಾನಿಕೆ ಬಿಟ್ಟುಕೊಟ್ಟಿತು, ಬದಲಿಗೆ ಬಟ್ಟಂಬಾಂಗ್ ಮತ್ತು ಸಿಯೆಮ್ ರೀಪ್ ಇಟ್ಟುಕೊಂಡಿತು. 1907ರ ಮಾರ್ಚ್ 23ರಂದು ಮತ್ತೊಂದು ಒಪ್ಪಂದ: ಆ ಪ್ರಾಂತ್ಯಗಳು ಫ್ರೆಂಚರಿಗೆ, ತ್ರಾಟ್ ಮತ್ತು ದಾನ್ ಸಾಯ್ ಸಿಯಾಮಿಗೆ. ಹಿಸ್ಸೆಯಲ್ಲಿ ಹೊಲ ಅದಲುಬದಲು ಮಾಡಿಕೊಂಡ ಹಾಗೆ. ಹೊಲದಲ್ಲಿ ದುಡಿಯುವವರನ್ನು ಯಾರೂ ಕೇಳಲಿಲ್ಲ.

ಹೊಲ ಹಂಚಿದ ಮೇಲೆ ಸರ್ವೆ ಆಗಬೇಕಲ್ಲ. 1904ರ ಒಪ್ಪಂದದ ಪ್ರಕಾರ ಉತ್ತರದ ದಂಗ್ರೆಕ್ ಬೆಟ್ಟಸಾಲಿನಲ್ಲಿ ಮಳೆನೀರು ಎರಡು ಕಡೆ ಒಡೆದು ಹರಿಯುವ ಏಣೇ ಗಡಿ. ನಕ್ಷೆ ಬರೆಯುವ ತಜ್ಞರು ಸಿಯಾಮಿನಲ್ಲಿ ಸಾಕಷ್ಟಿರಲಿಲ್ಲ, ಅದಕ್ಕೆ ಫ್ರೆಂಚ್ ಅಧಿಕಾರಿಗಳನ್ನೇ ಕೇಳಿಕೊಂಡರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಎದುರಾಳಿಗೇ ಔಟ್‌ಸೋರ್ಸ್ ಮಾಡಿದರು. ನಕ್ಷೆ ಪ್ಯಾರಿಸ್ಸಿನಲ್ಲಿ ಅಚ್ಚಾಗಿ 1908ರಲ್ಲಿ ಬ್ಯಾಂಕಾಕ್ ತಲುಪಿತು. ಅದರಲ್ಲಿ ಪ್ರೇಹ್ ವಿಹಾರ್ ಅನ್ನುವ ಬೆಟ್ಟದ ತುದಿಯ ಶಿವನ ದೇವಾಲಯ ಕಾಂಬೋಡಿಯಾದ ಕಡೆ ಬಿದ್ದಿತ್ತು. ಸಿಯಾಮಿನ ರಾಜಕುಮಾರ ದಮ್ರೋಂಗ್ ಥ್ಯಾಂಕ್ಸ್ ಹೇಳಿ, ಜಿಲ್ಲಾಧಿಕಾರಿಗಳಿಗೆ ಕೊಡಲು ಇನ್ನೂ ಹದಿನೈದು ಪ್ರತಿ ಕಳಿಸಿ ಅಂದ. ರಿವ್ಯೂ ಮಾಡದೆ ಅಪ್ರೂವ್ ಮಾಡಿದ್ದು ಅಂದರೆ ಇದು.

ದಶಕಗಳ ನಂತರ ಥಾಯ್ಲೆಂಡ್ ಹೇಳಿತು: ಏಣಿನ ಲೆಕ್ಕ ಹಿಡಿದರೆ ದೇವಾಲಯ ನಮ್ಮದು, ನಕ್ಷೆ ತಪ್ಪು. ಕಾಂಬೋಡಿಯಾ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. 1962ರ ಜೂನ್ 15ರಂದು ಹನ್ನೆರಡರಲ್ಲಿ ಒಂಬತ್ತು ನ್ಯಾಯಾಧೀಶರು ದೇವಾಲಯ ಕಾಂಬೋಡಿಯಾದ್ದು ಎಂದರು. ಕಾರಣ ನಮ್ಮೂರಿನ ಯಾವ ರೈತನಿಗಾದರೂ ಅರ್ಥವಾಗುವಂಥದ್ದು: ನಕ್ಷೆ ಕೈಗೆ ಕೊಟ್ಟಾಗ ತಕರಾರು ತೆಗೆಯದೆ ಇಷ್ಟು ವರ್ಷ ಸುಮ್ಮನಿದ್ದು, ಈಗ ಬದು ಸರಿಯಿಲ್ಲ ಅಂದರೆ ನಡೆಯಲ್ಲ. ಆ ನಕ್ಷೆಯ ಅಳತೆ 1:200,000. ಅಂದರೆ ಕಾಗದದ ಮೇಲಿನ ಒಂದು ಮಿಲಿಮೀಟರ್ ನೆಲದ ಮೇಲೆ 200 ಮೀಟರ್. ಪೆನ್ನಿನ ಗೆರೆ ಅರ್ಧ ಮಿಲಿಮೀಟರ್ ದಪ್ಪ ಇದ್ದರೂ ಅದರ ಕೆಳಗೆ 100 ಮೀಟರ್ ಜಾಗ ಮುಚ್ಚಿಹೋಗುತ್ತೆ.

ಆ ಗೆರೆಯ ಮೇಲೆ 1979ರಲ್ಲಿ ನಡೆದದ್ದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

1975ರ ಏಪ್ರಿಲ್‌ನಿಂದ 1979ರ ಜನವರಿವರೆಗೆ ಖಮೇರ್ ರೂಜ್ ಆಡಳಿತ. ನಗರಗಳನ್ನು ಖಾಲಿ ಮಾಡಿಸಿ ಎಲ್ಲರನ್ನೂ ಗದ್ದೆಗೆ ಅಟ್ಟಿದರು. ಕೊಲೆ, ಹಸಿವು, ಕಾಯಿಲೆಗೆ ಸತ್ತವರು 15ರಿಂದ 20 ಲಕ್ಷ. ವಿಯೆಟ್ನಾಂ ಸೇನೆ ಬಂದು ಆ ಸರ್ಕಾರವನ್ನು ಉರುಳಿಸಿತು; ಬದುಕುಳಿದವರು ಪಶ್ಚಿಮಕ್ಕೆ, ಅರಣ್ಯಪ್ರಥೇಟ್ ಕಡೆಗೆ ನಡೆದರು. ಇಷ್ಟು ಜನರನ್ನು ಹೊರುವುದು ತನ್ನೊಬ್ಬನಿಂದಾಗದು ಎಂದಿತು ಥಾಯ್ ಸರ್ಕಾರ. ಆ ಜೂನ್‌ನಲ್ಲಿ ಸೈನಿಕರು 40 ಸಾವಿರಕ್ಕೂ ಹೆಚ್ಚು ನಿರಾಶ್ರಿತರನ್ನು ಬಸ್ಸುಗಳಿಗೆ ಹತ್ತಿಸಿದರು. ಬಸ್ಸು ಹೋಗಿ ನಿಂತದ್ದು ನೂರಾರು ಕಿಲೋಮೀಟರ್ ದೂರದ ಪ್ರೇಹ್ ವಿಹಾರ್‌ನಲ್ಲಿ, ಅದೇ ದೇವಾಲಯದ ಬಳಿ. ಅಲ್ಲಿ ಕಡಿದಾದ ಬೆಟ್ಟದ ಅಂಚಿನಿಂದ ಕೆಳಗಿಳಿಯಲು ಬಂದೂಕು ತೋರಿಸಿದರು. ಕೆಳಗೆ ನೆಲಬಾಂಬು. ಹಿಂದಕ್ಕೆ ಬಂದರೆ ಗುಂಡು. ಸಾವಿರಾರು ಜನ ಸತ್ತರು. ಹ್ಯಾಗ್‌ನಲ್ಲಿ ವರ್ಷಗಟ್ಟಲೆ ವಾದಿಸಿದ ಆ ಗೆರೆ ಅವರಿಗೆ ಇಷ್ಟೇ ಆಗಿತ್ತು: ಯಾವ ಕಡೆ ಕಾಲಿಟ್ಟರೂ ಸಾವು.

ಜಗತ್ತು ಕೂಗೆಬ್ಬಿಸಿತು. ಅಕ್ಟೋಬರ್ ಹೊತ್ತಿಗೆ ಥಾಯ್ಲೆಂಡ್ ಬಾಗಿಲು ತೆರೆಯಿತು. ನವೆಂಬರ್ 21ರಂದು ಅರಣ್ಯಪ್ರಥೇಟ್‌ನ ಉತ್ತರಕ್ಕೆ, 20 ಕಿಲೋಮೀಟರ್ ದೂರದಲ್ಲಿ ಖಾವ್ ಇ ದಾಂಗ್ ಶಿಬಿರ ಶುರುವಾಯಿತು. ಕೆಲವೇ ತಿಂಗಳಲ್ಲಿ ಅಲ್ಲಿ ಲಕ್ಷಕ್ಕೂ ಹೆಚ್ಚು ಜನ.

ಅದೇ ಡಿಸೆಂಬರ್‌ನಲ್ಲಿ, ಪೋಯಿಪೆಟ್‌ನಿಂದ ಬಹಳ ದೂರವಿಲ್ಲದ ನೋಂಗ್ ಚಾನ್ ಎಂಬಲ್ಲಿ ಇನ್ನೊಂದು ಕೆಲಸ ಶುರುವಾಯಿತು. ಶಿಬಿರದಲ್ಲಿ ಉಳಿಯಲು ಬಂದವರಿಗಲ್ಲ, ಊರಿಗೆ ವಾಪಸ್ ಹೋಗುವ ರೈತರಿಗೆ ಅಕ್ಕಿ ಕೊಡುವುದು. ಒಳನಾಡಿನಿಂದ ಎತ್ತಿನ ಗಾಡಿ, ಸೈಕಲ್, ಬರಿಗಾಲಲ್ಲಿ ಜನ ಬಂದರು. 1980ರ ಮಳೆಗಾಲದ ಮುಂಚೆ ಅಕ್ಕಿಯ ಜೊತೆ ಬಿತ್ತನೆ ಭತ್ತವನ್ನೂ ಕೊಟ್ಟರು. ಎಂಥಾ ಬರ ಬಂದ್ರೂ ಬೀಜದ ಭತ್ತಕ್ಕೆ ಕೈ ಹಾಕಬಾರದು ಅಂತ ನಮ್ಮಜ್ಜಿ ಹೇಳುತ್ತಿದ್ದರು. ಕಾಂಬೋಡಿಯಾದ ಎಷ್ಟೋ ಮನೆಗಳಲ್ಲಿ ಆ ವರ್ಷ ಬೀಜದ ಭತ್ತ ಊಟವಾಗಿ ಮುಗಿದಿತ್ತು. ಲಕ್ಷಾಂತರ ರೈತರು ಈ ಗಡಿಯಿಂದ ಬೀಜ ಹೊತ್ತು ಹೋಗಿ ಬಿತ್ತಿದರು. 'ಲ್ಯಾಂಡ್ ಬ್ರಿಡ್ಜ್' ಅಂತ ಅದಕ್ಕೆ ಹೆಸರು. ಬಸ್ಸಿನಲ್ಲಿ ಸಿಯೆಮ್ ರೀಪ್‌ಗೆ ಹೋಗುವಾಗ ನಾವು ಎರಡೂ ಕಡೆ ನೋಡಿದ ಗದ್ದೆಗಳಲ್ಲಿ ಆ ಬೀಜದ ಸಂತತಿ ಎಷ್ಟಿದೆಯೋ.

ಯುದ್ಧ ಅಲ್ಲಿಗೆ ನಿಲ್ಲಲಿಲ್ಲ. ಎಂಬತ್ತರ ದಶಕದಲ್ಲಿ ಸುಮಾರು 800 ಕಿಲೋಮೀಟರ್ ಉದ್ದದ ಈ ಗಡಿಗುಂಟ ನೆಲಬಾಂಬುಗಳ ಬೇಲಿಯನ್ನೇ ಹೂತರು. ಇವತ್ತಿಗೂ ಅದು ಪೂರ್ತಿ ತೆಗೆದಾಗಿಲ್ಲ. 1992ರ ಮಾರ್ಚ್ 30ರಂದು ಶಿಬಿರಗಳಿಂದ ಮನೆಗೆ ಮರಳುವವರ ಮೊದಲ ವಾಹನ ಸಾಲು ಪೋಯಿಪೆಟ್ ಮೂಲಕವೇ ದಾಟಿತು. ಒಂದು ವರ್ಷದಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚು ಜನ ವಾಪಸಾದರು. ಹೊಲವಿಲ್ಲದೆ, ಇದ್ದ ಹೊಲದಲ್ಲಿ ನೆಲಬಾಂಬು ಇದ್ದು, ಊರಿಗೆ ಹೋಗಲಾಗದೆ ಗಡಿಯ ಹತ್ತಿರವೇ ನೆಲೆ ನಿಂತವರೂ ಇದ್ದರು. ತೊಂಬತ್ತರ ದಶಕದ ಕೊನೆಗೆ ಅದೇ ಜಾಗಕ್ಕೆ ಕ್ಯಾಸಿನೋ ಬಂತು. ಜಮೀನಿಲ್ಲದವನಿಗೆ ಗಡಿಯೇ ಜಮೀನು: ಕೈಗಾಡಿ ಎಳೆಯಬಹುದು, ಮೂಟೆ ಹೊರಬಹುದು, ದಾರಿ ತಪ್ಪಿದ ಬ್ಯಾಕ್‌ಪ್ಯಾಕರ್‌ನನ್ನು ಅಂಗಡಿಗೆ ಕರೆದೊಯ್ಯಬಹುದು. ಮೋಸವನ್ನು ಸಮರ್ಥಿಸುತ್ತಿಲ್ಲ. ದುಪ್ಪಟ್ಟು ಕೇಳಿದವನು ಯಾಕೆ ಅಲ್ಲೇ ಕೂತಿದ್ದಾನೆ ಅನ್ನುವುದಕ್ಕೆ ಕಾರಣ ಹುಡುಕುತ್ತಿದ್ದೇನೆ ಅಷ್ಟೇ.

ಬಡವರ ಕಾಲಡಿಯ ಗಡಿ ಈಗಲೂ ಅಲುಗಾಡುತ್ತಲೇ ಇದೆ. 2014ರ ಮೇ ತಿಂಗಳಲ್ಲಿ ಥಾಯ್ ಸೇನೆ ಅಧಿಕಾರ ಹಿಡಿದಾಗ, ದಾಖಲೆಯಿಲ್ಲದ ಕಾರ್ಮಿಕರನ್ನು ಹಿಡಿಯುತ್ತಾರೆಂಬ ಸುದ್ದಿ ಹಬ್ಬಿ, ಜೂನ್‌ನ ಕೆಲವೇ ವಾರಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಾಂಬೋಡಿಯನ್ನರು ಲಾರಿಗಳಲ್ಲಿ ನಿಂತುಕೊಂಡು ಊರಿಗೆ ಓಡಿದರು, ಬಹುಪಾಲು ಪೋಯಿಪೆಟ್ ಮೂಲಕ. 2025ರ ಮೇ ತಿಂಗಳಲ್ಲಿ ಗಡಿಯಲ್ಲಿ ಒಬ್ಬ ಕಾಂಬೋಡಿಯನ್ ಸೈನಿಕ ಸತ್ತ. ಜೂನ್‌ನಲ್ಲಿ ಗೇಟುಗಳು ಮುಚ್ಚಿದವು. ಜುಲೈನಲ್ಲಿ ಐದು ದಿನ ಫಿರಂಗಿ, ಯುದ್ಧವಿಮಾನಗಳ ಸಮೇತ ಕಾದಾಟ, ಡಿಸೆಂಬರ್‌ನಲ್ಲಿ ಮತ್ತೆ. ಎರಡೂ ಕಡೆ ಲಕ್ಷಾಂತರ ಜನ ಮನೆ ಬಿಟ್ಟರು. ಜಗಳದ ಒಂದು ಮುಖ್ಯ ಎಳೆ ಏನು ಗೊತ್ತಾ? ಕಾಂಬೋಡಿಯಾ ಹಿಡಿದಿರುವುದು ಅದೇ 1:200,000ರ ಹಳೆ ನಕ್ಷೆ. ಥಾಯ್ಲೆಂಡ್ ಹಿಡಿದಿರುವುದು 1:50,000ರ ತನ್ನ ನಕ್ಷೆ. ಪ್ಯಾರಿಸ್ಸಿನಲ್ಲಿ ಅಚ್ಚಾದ ಗೆರೆ ನೂರಕ್ಕೂ ಹೆಚ್ಚು ವರ್ಷದ ನಂತರವೂ ಜನರನ್ನು ಕೊಂದಿದೆ.

ಕಾಂಬೋಡಿಯಾದಲ್ಲಿ ಚಿಲ್ಲರೆಗೆ ರಿಯೆಲ್ ನೋಟು ಕೊಡುತ್ತಾರೆ. ಅದರ ಮೇಲಿನ ಖಮೇರ್ ಅಂಕಿಗಳಲ್ಲಿ ಎರಡು, ಮೂರು ನಮ್ಮ ಕನ್ನಡದ ಎರಡು, ಮೂರರ ದಾಯಾದಿಗಳ ಹಾಗೆ ಕಾಣುತ್ತವೆ. ದಕ್ಷಿಣ ಭಾರತದಿಂದ ಹದಿನೈದು ಶತಮಾನಗಳಷ್ಟು ಹಿಂದೆ ಹೋದ ಲಿಪಿ ಅದು. ಆಗ ದೋಣಿಯಲ್ಲಿ ಹೋದವರ ಕೈಯಲ್ಲಿ ಪಾಸ್‌ಪೋರ್ಟ್ ಇರಲಿಲ್ಲ. 1986ರಿಂದ 1993ರವರೆಗೆ, ಬೇರೆ ದೇಶಗಳು ಹೋಗಲು ಹಿಂಜರಿಯುತ್ತಿದ್ದ ಕಾಲದಲ್ಲಿ, ನಮ್ಮ ಪುರಾತತ್ವ ಇಲಾಖೆಯವರು ಅಂಗ್ಕೋರ್ ವಾಟ್‌ನ ಕಲ್ಲುಗಳನ್ನು ಜೋಡಿಸುತ್ತಿದ್ದರು. ಅವರು ಕೆಲಸ ಮಾಡುತ್ತಿದ್ದಾಗ ಈ ಗಡಿಯ ಶಿಬಿರಗಳಲ್ಲಿ ಲಕ್ಷಗಟ್ಟಲೆ ಜನ ಮನೆಗೆ ಹೋಗಲು ಕಾಯುತ್ತಿದ್ದರು. ಕೆಲವರು ಹದಿಮೂರು ವರ್ಷ ಕಾದರು.

'ನೆಲದ ಮೇಲೆ ಹೋಗಬಹುದಾ?' ಅಂತ ಗೆಳೆಯರು ಈಗಲೂ ಕೇಳುತ್ತಾರೆ. ಗೇಟು ತೆರೆದಿರುವ ಕಾಲದಲ್ಲಾದರೆ ನನ್ನ ಉತ್ತರ ಹೌದು. ಇ-ವೀಸಾ ಮಾಡಿಸಿಕೊಳ್ಳಿ, ದಾರಿಯಲ್ಲಿ ಯಾವ ಅಂಗಡಿಗೂ ಇಳಿಯಬೇಡಿ, ಮೂರು ಗಂಟೆ ಕೈಯಲ್ಲಿಟ್ಟುಕೊಳ್ಳಿ, ನೀರು ಒಯ್ಯಿರಿ. ಸಾಲಿನಲ್ಲಿ ನಿಂತಾಗ ಫೋನ್ ಜೇಬಿಗಿಟ್ಟು, ಪಕ್ಕದಲ್ಲಿ ಕೈಗಾಡಿ ಎಳೆದುಕೊಂಡು ಹೋಗುವವರ ವಯಸ್ಸು ಅಂದಾಜು ಮಾಡಿ. ಐವತ್ತು ದಾಟಿದವರು ಕಂಡರೆ, 1979ರಲ್ಲಿ ಅವರು ಮಕ್ಕಳಾಗಿದ್ದರು ಅನ್ನೋದು ನೆನಪಿರಲಿ.