ಕಲ್ಲು ಕಂಡ ಕ್ಯಾಮೆರಾ, ಹುಲ್ಲು ಕಾಣಲಿಲ್ಲ

1854ರ ಡಿಸೆಂಬರ್‌ನಲ್ಲಿ ಇಬ್ಬರು ಬ್ರಿಟಿಷರು ಗಾಡಿ ಕಟ್ಟಿಸಿಕೊಂಡು ಹಳೇಬೀಡಿನ ಕಡೆಗೆ ಬಂದರು. ಒಬ್ಬ ಬೆಂಗಳೂರು ದಂಡಿನ ಕ್ಯಾಪ್ಟನ್ ಲಿನೇಯಸ್ ಟ್ರೈಪ್, ಮದ್ರಾಸ್ ಸೇನೆಯ ಹನ್ನೆರಡನೆಯ ಪದಾತಿ ದಳದವನು. ಇನ್ನೊಬ್ಬ ಡಾಕ್ಟರ್ ಆಂಡ್ರ್ಯೂ ನೀಲ್. ಇಬ್ಬರಿಗೂ ಫೋಟೋ ತೆಗೆಯುವ ಹುಚ್ಚು. ಇಂಗ್ಲೆಂಡಿಗೆ ರಜೆಯ ಮೇಲೆ ಹೋಗಿದ್ದ ಟ್ರೈಪ್ ಲಂಡನ್ನಿನ ಫೋಟೋಗ್ರಾಫಿಕ್ ಸೊಸೈಟಿಯ ಸದಸ್ಯನಾಗಿ, ಅದೇ ವರ್ಷ ಬೆಂಗಳೂರಿಗೆ ಮರಳಿದ್ದ. ಅವನು ಆಗಿನ್ನೂ ಸರ್ಕಾರಿ ಛಾಯಾಗ್ರಾಹಕನಲ್ಲ. ಕೈಯಲ್ಲಿ ಸಂಬಳದ ಕೆಲಸ ಬೇರೆ ಇತ್ತು, ಕ್ಯಾಮೆರಾ ಬಿಡುವಿನ ಗೀಳು. ಹಾಗಾಗಿ ಬೇಲೂರು-ಹಳೇಬೀಡಿನ ಫೋಟೋ ಚರಿತ್ರೆ ಹವ್ಯಾಸಿಗಳಿಂದಲೇ ಶುರುವಾಗುತ್ತದೆ. ಶನಿವಾರ ಬೆಳಗಿನ ಜಾವ ಕಾರು ಹತ್ತಿ ಹೊರಡುವ ಇಂದಿನ ಸಾಫ್ಟ್‌ವೇರ್ ಹುಡುಗರಿಗೆ ನೂರ ಎಪ್ಪತ್ತು ವರ್ಷ ಹಿಂದಿನ ಹಿರಿಯಣ್ಣಂದಿರು ಇವರು.

ಆ ಕಾಲದ ಒಂದು ಫೋಟೋ ತೆಗೆಯುವುದೆಂದರೆ ಸಣ್ಣ ಮಾತಲ್ಲ. ಟ್ರೈಪ್ ಬಳಸುತ್ತಿದ್ದದ್ದು ಕಾಗದದ ನೆಗೆಟಿವ್. ಒಳ್ಳೆಯ ಕಾಗದಕ್ಕೆ ಅಯೋಡೈಡ್ ಹಚ್ಚಿ, ಬೆಳ್ಳಿಯ ದ್ರಾವಣದಲ್ಲಿ ನೆನೆಸಿ, ಕತ್ತಲಲ್ಲಿ ಪೆಟ್ಟಿಗೆಗೆ ಸೇರಿಸಬೇಕು. ಚಿತ್ರ ಎಷ್ಟು ದೊಡ್ಡದಾಗಬೇಕೋ ನೆಗೆಟಿವ್ ಅಷ್ಟೇ ದೊಡ್ಡದಿರಬೇಕು. ಹೆಚ್ಚುಕಡಿಮೆ ಒಂದಡಿ ಅಗಲದ ಹಾಳೆ ಹಿಡಿಸುವ ಮರದ ಕ್ಯಾಮೆರಾ, ಅದನ್ನು ಹೊರುವ ಮುಕ್ಕಾಲಿ, ಔಷಧದ ಬಾಟಲಿಗಳು, ತೊಳೆಯಲು ಶುದ್ಧ ನೀರು, ಕತ್ತಲ ಡೇರೆ, ಎಲ್ಲವೂ ಗಾಡಿಯ ಮೇಲೆ ಬರಬೇಕು. ಗಾಜಿನ ಮೇಲೆ ತೆಗೆಯುವ ಹೊಸ ವಿಧಾನ ಆಗಲೇ ಬಂದಿತ್ತು. ಆದರೆ ಗಾಜಿಗೆ ಹಚ್ಚಿದ ಲೇಪ ಆರುವ ಮೊದಲೇ ಚಿತ್ರ ತೆಗೆದು ತೊಳೆದು ಮುಗಿಸಬೇಕಿತ್ತು. ನಮ್ಮ ಬಯಲುಸೀಮೆಯ ಬಿಸಿಲಿನಲ್ಲಿ ಅದು ಆಗಹೋಗದ ಮಾತು ಎಂದು ಅನೇಕರು ಕಾಗದವನ್ನೇ ನೆಚ್ಚಿಕೊಂಡಿದ್ದರು.

ಬೆಳಕಿಗೆ ಕಾಗದವನ್ನು ಒಡ್ಡಿ ನಿಮಿಷಗಟ್ಟಲೆ ಕಾಯಬೇಕು. ಅಷ್ಟು ಹೊತ್ತಿನಲ್ಲಿ ನಡೆದುಹೋದ ಮನುಷ್ಯ ಚಿತ್ರದಲ್ಲಿ ಇರುವುದೇ ಇಲ್ಲ. ಗಾಳಿಗೆ ಅಲ್ಲಾಡಿದ ಎಲೆ ಕಲೆಸಿಹೋಗುತ್ತದೆ. ನೀಲಿ ಬೆಳಕಿಗೆ ಮಾತ್ರ ಚುರುಕಾಗಿ ಸ್ಪಂದಿಸುತ್ತಿದ್ದ ಆ ರಸಾಯನಕ್ಕೆ ಆಕಾಶವೆಲ್ಲ ಒಂದೇ ಬಿಳಿ ಹಾಳೆ. ಮರುವರ್ಷ ಬರ್ಮಾದಲ್ಲಿ ತೆಗೆದ ಚಿತ್ರಗಳಲ್ಲಿ ಟ್ರೈಪ್ ಮೋಡಗಳನ್ನೂ ಮರದ ಎಲೆಗಳನ್ನೂ ನೆಗೆಟಿವ್ ಮೇಲೆ ಕೈಯಿಂದಲೇ ಬಣ್ಣ ಹಚ್ಚಿ ಸರಿಪಡಿಸಿದ್ದಾನೆ. ಫೋಟೋಶಾಪ್ ಬಂದಮೇಲೆ ಸತ್ಯ ಕೆಟ್ಟುಹೋಯಿತು ಎಂದು ಗೊಣಗುವವರು ಇದನ್ನು ನೆನಪಿಡುವುದು ಒಳ್ಳೆಯದು.

ಇಂಥ ಯಂತ್ರಕ್ಕೆ ಹೊಯ್ಸಳರ ಗುಡಿಗಿಂತ ತಕ್ಕ ವಸ್ತು ಇನ್ನೊಂದಿಲ್ಲ. ಬೇಲೂರಿನ ಚೆನ್ನಕೇಶವ 1117ರಿಂದ ನಿಂತಲ್ಲೇ ನಿಂತಿದ್ದಾನೆ. ದೊರೆ ವಿಷ್ಣುವರ್ಧನನ ಅಧಿಕಾರಿ ಕೇತಮಲ್ಲ 1121ರ ಸುಮಾರಿಗೆ ಶುರುಮಾಡಿಸಿದ ಹಳೇಬೀಡಿನ ಹೊಯ್ಸಳೇಶ್ವರದ ಗೋಡೆಯ ಆನೆ, ಸಿಂಹ, ಕುದುರೆ, ಮಕರ, ಹಂಸಗಳ ಸಾಲುಗಳು ಎಷ್ಟು ನಿಮಿಷ ಬೇಕಾದರೂ ಅಲ್ಲಾಡದೆ ನಿಲ್ಲುತ್ತವೆ. ಬಳಪದ ಕಲ್ಲಿನ ಸಣ್ಣ ಕೊರೆತಗಳಲ್ಲಿ ನೆರಳು ಕೂರುತ್ತದೆ, ಕಪ್ಪು-ಬಿಳುಪಿನ ಚಿತ್ರಕ್ಕೆ ಬೇಕಾದದ್ದೂ ಅದೇ. 1855ರಲ್ಲಿ ಮದ್ರಾಸಿನಲ್ಲಿ ನಡೆದ ವಸ್ತುಪ್ರದರ್ಶನದಲ್ಲಿ ಟ್ರೈಪ್ 68 ಚಿತ್ರಗಳನ್ನು ಇಟ್ಟು ಮೊದಲ ದರ್ಜೆಯ ಪದಕ ಗೆದ್ದ. ಆಮೇಲೆ ಅವನು ಬರ್ಮಾಕ್ಕೆ ಹೋದ, ಮದ್ರಾಸ್ ಸರ್ಕಾರದ ಛಾಯಾಗ್ರಾಹಕನೂ ಆದ. ಖರ್ಚು ಜಾಸ್ತಿ ಎಂದು 1860ರಲ್ಲಿ ಸರ್ಕಾರ ಆ ಕೆಲಸವನ್ನೇ ನಿಲ್ಲಿಸಿತು.

ಅವನ ಬೆನ್ನಿಗೇ ಬಂದವನು ಕ್ಯಾಪ್ಟನ್ ರಿಚರ್ಡ್ ಬ್ಯಾನರ್ ಓಕ್ಲಿ. ಇವನ ತಾಳ್ಮೆ ದೊಡ್ಡದು. ಊರೂರು ಸುತ್ತದೆ ಒಂದೇ ಗುಡಿಯ ಮುಂದೆ ಬೀಡುಬಿಟ್ಟು, ಹೊಯ್ಸಳೇಶ್ವರದ ಗೋಡೆಯನ್ನು ತುಂಡುತುಂಡಾಗಿ ಚಿತ್ರಿಸಿದ. 56 ಫೋಟೋಗಳ ಅವನ ಸಂಪುಟ 1859ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಒಂದೇ ದೇವಾಲಯಕ್ಕೆ ಮೀಸಲಾದ ಫೋಟೋ ಪುಸ್ತಕ ಅಷ್ಟು ಹಿಂದೆಯೇ ಹಳೇಬೀಡಿಗೆ ದಕ್ಕಿತ್ತು. 1866ರಲ್ಲಿ ಧಾರವಾಡ ಮತ್ತು ಮೈಸೂರಿನ ವಾಸ್ತುವಿನ ಮೇಲೆ ಇನ್ನೊಂದು ಭಾರಿ ಗ್ರಂಥ ಬಂತು. ಚಿತ್ರಗಳು ಡಾಕ್ಟರ್ ಪಿಗೂ, ಡಾಕ್ಟರ್ ನೀಲ್ ಮತ್ತು ಕರ್ನಲ್ ಬಿಗ್ಸ್ ಅವರವು. ಇತಿಹಾಸ ಬರೆದವನು ಮೆಡೋಸ್ ಟೇಲರ್, ವಾಸ್ತುವಿನ ಟಿಪ್ಪಣಿ ಜೇಮ್ಸ್ ಫರ್ಗುಸನ್ನನದು. ಹಣ ಕೊಟ್ಟವನು ಬೊಂಬಾಯಿಯ ಹತ್ತಿ ದೊರೆ ಪ್ರೇಮ್‌ಚಂದ್ ರಾಯ್‌ಚಂದ್. ಹಳೇಬೀಡನ್ನು ಗ್ರೀಸಿನ ಪಾರ್ಥೆನಾನ್ ಜೊತೆ ತೂಗಿ ನೋಡಿದ ಫರ್ಗುಸನ್ನನ ಬರಹ ಮುಂದೆ ಜಗತ್ತಿನಲ್ಲೆಲ್ಲ ಓಡಾಡಿತು. ಇಬ್ಬರು ಡಾಕ್ಟರು, ಮೂವರು ಸೇನಾಧಿಕಾರಿಗಳು ಬಿಡುವಿನಲ್ಲಿ ತೆಗೆದ ಚಿತ್ರಗಳು ಹಾಸನ ಜಿಲ್ಲೆಯ ಒಂದು ಕುಗ್ರಾಮವನ್ನು ಕಲಾಚರಿತ್ರೆಯ ಭೂಪಟಕ್ಕೆ ಏರಿಸಿದವು ಎಂದರೆ ಅತಿಶಯವಲ್ಲ.

ಆದರೆ ಇವರೆಲ್ಲ ಯಾವ ನೆಲ ದಾಟಿ ಬಂದರೋ ಆ ನೆಲ ಯಾರ ಚಿತ್ರದ ವಿಷಯವೂ ಆಗಲಿಲ್ಲ.

ಹಾಸನ ಒಂದೇ ಜಿಲ್ಲೆ, ಆದರೆ ಎರಡು ಲೋಕ. ಪಶ್ಚಿಮಕ್ಕೆ ಸಕಲೇಶಪುರದಲ್ಲಿ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ. ಬೇಲೂರು ದಾಟಿ, ಹಳೇಬೀಡು ದಾಟಿ ಜಾವಗಲ್ಲಿನ ಮೇಲೆ ಅರಸೀಕೆರೆಗೆ ಬರುವ ಹೊತ್ತಿಗೆ ಅದು ಏಳುನೂರರ ಆಸುಪಾಸಿಗೆ ಇಳಿದಿರುತ್ತದೆ. ಕಾಫಿ ಮುಗಿದು ರಾಗಿ, ರಾಗಿಯ ನಡುವೆ ತೆಂಗು, ತೆಂಗಿನಾಚೆ ಕುರುಚಲು ಗುಡ್ಡ ಮತ್ತು ಹುಲ್ಲುಗಾವಲು. ಇದು ಮರುಭೂಮಿಯಲ್ಲ. ಆದರೆ ಥಾರ್ ಮರುಭೂಮಿಯಲ್ಲಿ ಓಡಾಡುವ ಚಿಂಕಾರ ಹುಲ್ಲೆಯ ನೆಲೆ ದಕ್ಷಿಣದಲ್ಲಿ ಮುಗಿಯುವುದು ಇದೇ ಒಣನಾಡಿನಲ್ಲಿ, ಪಕ್ಕದ ತುಮಕೂರು ಜಿಲ್ಲೆಯ ಬುಕ್ಕಾಪಟ್ಟಣದ ಕಾಡಿನಲ್ಲಿ. ಚಳಿಗಾಲದಲ್ಲಿ ಮಧ್ಯ ಏಷ್ಯಾದ ಬಯಲುಗಳಿಂದ ಹಾರಿ ಬರುವ ಹ್ಯಾರಿಯರ್ ಗಿಡುಗಗಳು ಇಳಿಯುವುದೂ ಇಂಥ ಹುಲ್ಲಿಗೇ.

ಈ ಹುಲ್ಲಿಗೆ ಗುಡಿಗಳಷ್ಟೇ ಗಟ್ಟಿಯಾದ ರಾಜಚರಿತ್ರೆಯಿದೆ. ಮೈಸೂರು ಒಡೆಯರ ಕಾಲದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಅರಮನೆಗೆ ಹಾಲು-ಬೆಣ್ಣೆ, ದಂಡಿಗೆ ಫಿರಂಗಿ ಎಳೆಯುವ ಎತ್ತು ಒದಗಿಸುವ ಇಲಾಖೆ ಅದು. ಆ ದನಗಳು ಋತುಮಾನಕ್ಕೆ ತಕ್ಕಂತೆ ಮೇಯಲು ಚಿತ್ರದುರ್ಗ, ತುಮಕೂರು, ಕಡೂರು, ಅರಸೀಕೆರೆಯ ಸೀಮೆಗಳಲ್ಲಿ ಕಾವಲುಗಳನ್ನು ಕಾದಿರಿಸಿದ್ದರು. ಅಮೃತಮಹಲ್ ಎತ್ತಿನ ವೇಗವನ್ನು ಶತ್ರುಗಳೇ ಹೊಗಳಿದರು, ಟಿಪ್ಪು ಸತ್ತಮೇಲೆ ಅದೇ ತಳಿಯನ್ನು ಕಂಪನಿಯ ಸೇನೆ ತನ್ನ ಕೈಗೆ ತೆಗೆದುಕೊಂಡಿತು. ದನಕ್ಕಾಗಿ ಉಳಿಸಿದ ಹುಲ್ಲಿನಲ್ಲಿ ಕೃಷ್ಣಮೃಗ, ತೋಳ, ನರಿ, ನೆಲಗುಬ್ಬಿ, ಗೌಜಲಕ್ಕಿಗಳೂ ಉಳಿದುಕೊಂಡವು. 1800-01ರಲ್ಲಿ ಈ ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಣ್ಣು, ಬೆಳೆ, ದನಕರುಗಳ ಬಗ್ಗೆ ಪುಟಗಟ್ಟಲೆ ಬರೆದ. ಅರ್ಧ ಶತಮಾನ ಕಳೆದು ಕ್ಯಾಮೆರಾ ತಂದವರಿಗೆ ಬುಕಾನನ್ನನ ಕಣ್ಣಿರಲಿಲ್ಲ. ಇದ್ದರೂ ಅವರ ಯಂತ್ರಕ್ಕೆ ಓಡುವ ಜಿಂಕೆ ಸಿಕ್ಕುತ್ತಿರಲಿಲ್ಲ ಎಂಬುದು ಅವರ ಪರವಾಗಿ ಹೇಳಬೇಕಾದ ಮಾತು.

ರೈಲು ಬಂದಮೇಲೆ ಪ್ರಯಾಣ ಬದಲಾಯಿತು. ಬೆಂಗಳೂರು-ಹರಿಹರ ಮಾರ್ಗ 1880ರ ದಶಕದಲ್ಲಿ ಅರಸೀಕೆರೆಯನ್ನು ಮುಟ್ಟಿತು. 1910ರ ದಶಕದ ಕೊನೆಗೆ ಮೈಸೂರಿನಿಂದ ಹಾಸನದ ಮೇಲೆ ಬಂದ ಮಾರ್ಗ ಕೂಡಿಕೊಂಡು ಊರು ಜಂಕ್ಷನ್ ಆಯಿತು. ಹಳೇಬೀಡಿಗೆ ಹೋಗುವವರು ಬಾಣಾವರದಲ್ಲೋ ಅರಸೀಕೆರೆಯಲ್ಲೋ ಇಳಿದು ಜಟಕಾ, ಎತ್ತಿನಗಾಡಿ, ಮುಂದೆ ಬಾಡಿಗೆ ಮೋಟಾರು ಹಿಡಿಯುತ್ತಿದ್ದರು. ಅರಸೀಕೆರೆಯಲ್ಲೇ 1220ರ ಸುಮಾರಿನ ಶಿವಾಲಯವೊಂದಿದೆ. ನಕ್ಷತ್ರಾಕಾರದ ಅದರ ತೆರೆದ ಮಂಟಪದಂಥದ್ದು ಹೊಯ್ಸಳ ಗುಡಿಗಳಲ್ಲೇ ಅಪರೂಪ. ಆದರೂ ರೈಲು ಬದಲಿಸುವ ಜನ ಕಾಫಿ ಕುಡಿದು ಮುಂದೆ ಹೋದದ್ದೇ ಹೆಚ್ಚು, ಈಗಲೂ ಹಾಗೇ.

ಕ್ಯಾಮೆರಾ ಅಗ್ಗವಾದಂತೆ ಬೇಲೂರಿಗೆ ಬರುವವರ ಕೊರಳಿಗೆ ಪೆಟ್ಟಿಗೆಗಳು ನೇತುಬಿದ್ದವು. ಸ್ವಾತಂತ್ರ್ಯಾನಂತರದ ಮಧ್ಯಮವರ್ಗದ ಮನೆಗಳಿಗೆ ಬರೋಡಾದಲ್ಲಿ ತಯಾರಾದ ಆಗ್ಫಾ ಕ್ಲಿಕ್ ತ್ರೀ ಬಂತು. ಒಂದು ರೀಲಿಗೆ ಹನ್ನೆರಡು ಚೌಕ ಚಿತ್ರ. ಊಟಿಯ ಹಿಂದುಸ್ಥಾನ್ ಫೋಟೋ ಫಿಲ್ಮ್ಸ್ 1967ರಿಂದ 'ಇಂದು' ಫಿಲ್ಮ್ ತಯಾರಿಸತೊಡಗಿತು. ಹನ್ನೆರಡರಲ್ಲಿ ಎಂಟು ಚಿತ್ರ ಬಂಧುಬಳಗದ್ದು, ಉಳಿದ ನಾಲ್ಕು ಶಿಲಾಬಾಲಿಕೆಯರದ್ದು ಎಂಬುದು ಅಂದಿನ ಗೃಹಸ್ಥರ ಲೆಕ್ಕ. 1964ರಲ್ಲಿ ತೆರೆಕಂಡ 'ಅಮರಶಿಲ್ಪಿ ಜಕಣಾಚಾರಿ' ಕನ್ನಡದ ಮೊದಲ ಪೂರ್ಣ ವರ್ಣಚಿತ್ರ. ಅದು ಕಲ್ಲಿನ ಕಥೆಗೆ ಬಣ್ಣ ಬಳಿದ ಮೇಲಂತೂ ಬೇಲೂರು ಪ್ರವಾಸವೆಂದರೆ ಗುಡಿ, ಗುಡಿಯೆಂದರೆ ಶಿಲ್ಪಿ ಎಂಬ ನಂಟು ಇನ್ನಷ್ಟು ಗಟ್ಟಿಯಾಯಿತು. ಬೆಳಿಗ್ಗೆ ಬೆಂಗಳೂರು ಬಿಟ್ಟು ಶ್ರವಣಬೆಳಗೊಳ, ಬೇಲೂರು, ಹಳೇಬೀಡು ಮುಗಿಸಿ ರಾತ್ರಿಗೆ ಮರಳುವ ಒಂದು ದಿನದ ಬಸ್ ಪ್ರವಾಸ ಇವತ್ತಿಗೂ ಆ ನಂಟಿನ ಮೇಲೇ ಓಡುತ್ತಿದೆ.

ಪ್ರಾಣಿಪಕ್ಷಿಗಳ ಕಡೆ ಕ್ಯಾಮೆರಾ ತಿರುಗಿದ ಕಥೆ ಬೇರೆ. ಬಹುಕಾಲ ಕಾಡಿಗೆ ಹೋದವರ ಕೈಯಲ್ಲಿ ಇದ್ದದ್ದು ಕೋವಿ. ಬೆಂಗಳೂರಿನಲ್ಲಿ ಓ. ಸಿ. ಎಡ್ವರ್ಡ್ಸ್ ಹಕ್ಕಿಗಳ ಮುಂದೆ ಮರೆ ಕಟ್ಟಿ ಕಾದು ಕುಳಿತು ಚಿತ್ರ ತೆಗೆಯುವುದನ್ನು ರೂಢಿಸಿಕೊಂಡರು, ಟಿ. ಎನ್. ಎ. ಪೆರುಮಾಳ್ ಅವರಿಂದ ಕಲಿತರು. ಇ. ಹನುಮಂತರಾವ್ ವನ್ಯಜೀವಿ ಛಾಯಾಗ್ರಹಣದಿಂದ ಕನ್ನಡಿಗರ ಮನೆಮಾತಾದರು. ಸಂಡೂರಿನ ಎಂ. ವೈ. ಘೋರ್ಪಡೆ ರಾಜ್ಯದ ಹಣಕಾಸು ಮಂತ್ರಿಯಾಗಿದ್ದುಕೊಂಡೇ ಕಪ್ಪು-ಬಿಳುಪಿನಲ್ಲಿ ಕಾಡನ್ನು ಹಿಡಿದರು. 1971ರಲ್ಲಿ ಬೆಂಗಳೂರಿನಲ್ಲಿ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿತು. ಮರುವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಕೋವಿಗೆ ಕಡಿವಾಣ ಬಿತ್ತು. ಬೇಲೂರಿನಿಂದ ಬಹು ದೂರವೇನಲ್ಲದ ಮೂಡಿಗೆರೆಯಲ್ಲಿ ಪೂರ್ಣಚಂದ್ರ ತೇಜಸ್ವಿ ತೋಟದ ಕೆಲಸದ ನಡುವೆ ಹಕ್ಕಿಗಳ ಹಿಂದೆ ಬಿದ್ದು, ಕಾಯುವ ಈ ಹವ್ಯಾಸವನ್ನು ಕನ್ನಡ ಸಾಹಿತ್ಯದ ಒಳಕ್ಕೇ ಕರೆತಂದರು.

ಇವರಲ್ಲಿ ಬಹುಪಾಲು ಮಂದಿಯನ್ನು ಸೆಳೆದದ್ದು ಹಸಿರು ಕಾಡು ಅಥವಾ ನೀರು: ಬಂಡೀಪುರ, ನಾಗರಹೊಳೆ, ರಂಗನತಿಟ್ಟು. ಒಣಸೀಮೆಯನ್ನು ಪ್ರೀತಿಸಿದ ಘೋರ್ಪಡೆಯಂಥವರು ಅಪವಾದ. ಅರಸೀಕೆರೆಯ ಹುಲ್ಲು ಕಂದಾಯ ಕಡತದಲ್ಲಿ ಬಂಜರು, ಫೋಟೋಗ್ರಾಫರನ ಲೆಕ್ಕದಲ್ಲಿ ಖಾಲಿ. ಹೀಗೆ ಯಾರೂ ನೋಡದ ನೆಲವನ್ನು ಯಾರಿಗೆ ಬೇಕಾದರೂ ಕೊಡಬಹುದು. ಚಳ್ಳಕೆರೆಯ ಅಮೃತಮಹಲ್ ಕಾವಲಿನಲ್ಲಿ ಸಾವಿರಾರು ಎಕರೆಯನ್ನು ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹಂಚಿದಾಗ ದನಗಾಹಿಗಳು ಬೇಲಿಯ ಮುಂದೆ ನಿಂತು ಕೇಳಬೇಕಾಯಿತು. ಹುಲ್ಲು ಕೂಡ ಒಂದು ಸಂಪತ್ತೆಂದು ತೋರಿಸುವ ಚಿತ್ರಗಳು ಜನರ ಮನಸ್ಸಿನಲ್ಲಿ ಮೊದಲೇ ಇದ್ದಿದ್ದರೆ ಆ ವಾದ ಇನ್ನಷ್ಟು ಸುಲಭವಾಗುತ್ತಿತ್ತು.

ಕಳೆದ ಹದಿನೈದು ವರ್ಷಗಳಲ್ಲಿ ನೋಟ ಬದಲಾಗಿದೆ. ಅರಸೀಕೆರೆಗೆ ತಾಗಿಕೊಂಡ ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲು 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಕೃಷ್ಣಮೃಗ, ತೋಳಗಳ ಆ ಬಯಲು ಬರಿಯ ಏಳು ಚದರ ಕಿಲೋಮೀಟರ್ ಚಿಲ್ಲರೆ. 2019ರಲ್ಲಿ ಬುಕ್ಕಾಪಟ್ಟಣ ಚಿಂಕಾರ ಧಾಮವಾಯಿತು, ಅರಸೀಕೆರೆಯ ಹೆಸರಿನಲ್ಲೇ ಈಗ ಕರಡಿಧಾಮವೂ ಇದೆ. ಬುಕ್ಕಾಪಟ್ಟಣದಲ್ಲಿ ಚಿಂಕಾರ ಇರುವುದನ್ನು ಖಚಿತಪಡಿಸಿದ ಸಾಕ್ಷ್ಯದಲ್ಲಿ ಕ್ಯಾಮೆರಾದ ಪಾತ್ರವೂ ಇತ್ತು. ಮರಕ್ಕೆ ಕಟ್ಟಿಟ್ಟ, ಎದುರು ಪ್ರಾಣಿ ಸುಳಿದರೆ ತಾನಾಗಿಯೇ ಚಿತ್ರ ತೆಗೆಯುವ ಕ್ಯಾಮೆರಾ ಅದು. ಕಣ್ಣು ಮಿಟುಕಿಸುವಷ್ಟರಲ್ಲಿ ಚಲನೆಯನ್ನು ಹಿಡಿಯುವ ಈ ಯಂತ್ರದ ಮುಂದೆ ಟ್ರೈಪ್‌ನ ನೆನೆದ ಕಾಗದ ಯಾವ ಯುಗದ್ದೋ ಅನಿಸುತ್ತದೆ.

ನೋಟದ ಜೊತೆಗೆ ಬಿಡುವೂ ಹೆಚ್ಚಿತು. ಕೇಂದ್ರ ಸರ್ಕಾರಿ ಕಚೇರಿಗಳಿಗೆ ಐದು ದಿನಗಳ ವಾರ ಬಂದದ್ದು 1985ರಲ್ಲಿ. ಐಟಿ ಕಂಪನಿಗಳು ಆ ಎರಡು ದಿನದ ರಜೆಯನ್ನು ಬೆಂಗಳೂರಿನ ಜೀವನಕ್ರಮವನ್ನಾಗಿಸಿದವು. ಹಾಸನದ ಹೆದ್ದಾರಿ ಅಗಲವಾಯಿತು, ಉದ್ದ ಲೆನ್ಸು ಕಂತಿನಲ್ಲಿ ಸಿಗತೊಡಗಿತು. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೇಲೆ ವಾರಾಂತ್ಯದ ಜನ ಇನ್ನೂ ಹೆಚ್ಚಿದ್ದಾರೆ. ತಮಾಷೆಯೆಂದರೆ, ಪುರಾತತ್ವ ಇಲಾಖೆಯ ಗುಡಿಗಳಲ್ಲಿ ಮುಕ್ಕಾಲಿ ಊರಲು ಇವತ್ತು ಮೊದಲೇ ಅನುಮತಿ ಬೇಕು. ಟ್ರೈಪ್ ಈಗ ಬಂದಿದ್ದರೆ ಬಾಗಿಲಲ್ಲೇ ಅರ್ಜಿ ಬರೆಯಬೇಕಿತ್ತು. ಗುಡಿಗೆ ಕಾವಲುಗಾರ ಇದ್ದಾನೆ, ನಿಯಮ ಇದೆ. ಹುಲ್ಲಿಗೆ ಹೆಚ್ಚಿನ ಕಡೆ ಎರಡೂ ಇಲ್ಲ. ನರಿಯ ಹಿಂದೆ ಜೀಪು ಓಡಿಸುವವರು, ಗೂಡಿನ ಮರೆ ಕಿತ್ತು ಮರಿಯ ಚಿತ್ರ ತೆಗೆಯುವವರು, ಜಾಗದ ಗುರುತನ್ನು ಫೋನಿನಲ್ಲಿ ಊರಿಗೆಲ್ಲ ಹಂಚುವವರು ಈ ಹವ್ಯಾಸದ ಹೆಸರು ಕೆಡಿಸುತ್ತಿದ್ದಾರೆ. ಹಿರಿಯ ತಲೆಮಾರು ಗೂಡಿನ ಎದುರು ಕೂತು ತೆಗೆದ ಚಿತ್ರಗಳನ್ನು ಕೂಡ ಇಂದಿನ ಒಳ್ಳೆಯ ಛಾಯಾಗ್ರಾಹಕರು ಅನುಕರಿಸುವುದಿಲ್ಲ.

ಮುಂದಿನ ಸಲ ಹಳೇಬೀಡಿಗೆ ಹೋಗುವವರು ಜಾವಗಲ್, ಬಾಣಾವರದ ಕಡೆಯ ದಾರಿ ಹಿಡಿಯಲಿ, ಗುಡಿ ನೋಡುವ ಮೊದಲು ಬೆಳಗಿನ ಹೊತ್ತನ್ನು ಬಯಲಿಗೆ ಕೊಡಲಿ. ಟಿಟ್ಟಿಭವೂ ನೆಲಗುಬ್ಬಿಯೂ ಬರಿನೆಲದ ಮೇಲೇ ಮೊಟ್ಟೆಯಿಡುತ್ತವೆ, ಬೇಸಿಗೆಯಿಂದ ಮುಂಗಾರಿನವರೆಗೆ ಅವುಗಳಿಗೆ ಬಾಣಂತನದ ಕಾಲ. ಗಾಡಿಯನ್ನು ರಸ್ತೆಯಲ್ಲೇ ನಿಲ್ಲಿಸಿ, ದನ ಕಾಯುವವರನ್ನು ಒಂದು ಮಾತು ಕೇಳಿ ಒಳಗೆ ಕಾಲಿಡಲಿ.