ಕೆಲಸದಲ್ಲಿ ಬೆರಳು ಹೋದರೆ ಪರಿಹಾರ ಎಷ್ಟು? ಲೆಕ್ಕ ಹಾಕೋದು ಹೀಗೆ

ಶೇಂಗಾ ಮಿಲ್‌ನಲ್ಲೋ, ಮೆಕ್ಕೆಜೋಳದ ಒಕ್ಕಣೆ ಯಂತ್ರದಲ್ಲೋ ಕೂಲಿಯವನ ಕೈ ಸಿಕ್ಕಿಕೊಂಡರೆ ಊರ ಹಿರಿಯರನ್ನು ಕೂರಿಸಿ ಒಂದಿಷ್ಟು ದುಡ್ಡು ಕೊಟ್ಟು ಮುಗಿಸೋದುಂಟು. ಆದರೆ ಕಾನೂನಿನ ಲೆಕ್ಕವೇ ಬೇರೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಕಾರ್ಮಿಕರು, ಮಾಲೀಕರು ಇಬ್ಬರೂ ಇದನ್ನು ತಿಳಿದಿರಬೇಕು.

ಯಾವ ಕಾನೂನು?
1923ರ ನೌಕರರ ಪರಿಹಾರ ಕಾಯ್ದೆ. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಕೂಲಿಯ ಒಂದು ಭಾಗವನ್ನು ವಯಸ್ಸಿನ ಅಂಕಿಯಿಂದ ಗುಣಿಸುವ ಕ್ರಮ ಅದರಲ್ಲೂ ಹಾಗೇ ಇದೆ. ಇಎಸ್‌ಐ ಇರುವವರಿಗೆ ಮಾತ್ರ ಪರಿಹಾರ ಇಎಸ್‌ಐನಿಂದಲೇ ಬರುತ್ತದೆ.

ಲೆಕ್ಕಕ್ಕೆ ಬೇಕಾದದ್ದು ಮೂರು
1. ತಿಂಗಳ ಕೂಲಿ: ವರ್ಷವಿಡೀ ದುಡಿದವರಿಗೆ ಹಿಂದಿನ 12 ತಿಂಗಳ ಒಟ್ಟು ಕೂಲಿಯನ್ನು 12ರಿಂದ ಭಾಗಿಸಬೇಕು. 2020ರ ಜನವರಿ 3ರ ಅಧಿಸೂಚನೆಯಂತೆ ಕೂಲಿ ಎಷ್ಟೇ ಇರಲಿ, ಲೆಕ್ಕಕ್ಕೆ ಹಿಡಿಯೋದು ₹15,000ವರೆಗೆ.
2. ವಯಸ್ಸು: ಒಂದೊಂದು ವಯಸ್ಸಿಗೆ ಒಂದೊಂದು ಅಂಕಿ. 20 ವರ್ಷಕ್ಕೆ 224.00, 30ಕ್ಕೆ 207.98, 40ಕ್ಕೆ 184.17, 50ಕ್ಕೆ 153.09.
3. ದುಡಿಮೆ ಶಕ್ತಿ ಹೋದ ಪ್ರಮಾಣ: ಹೆಬ್ಬೆರಳು ಹೋದರೆ ಶೇ 30, ಒಂದೇ ಕೈಯ ನಾಲ್ಕು ಬೆರಳು ಹೋದರೆ ಶೇ 50, ಎರಡೂ ಕೈ ಹೋದರೆ ಶೇ 100. ಪಟ್ಟಿಯಲ್ಲಿ ಇಲ್ಲದ ಗಾಯಕ್ಕೆ ವೈದ್ಯರು ಪ್ರಮಾಣ ಹೇಳಬೇಕು.

ಒಂದು ಉದಾಹರಣೆ
30 ವರ್ಷದ ಕಾರ್ಮಿಕ, ತಿಂಗಳಿಗೆ ₹12,000 ಕೂಲಿ, ಹೆಬ್ಬೆರಳು ಹೋಗಿದೆ ಅಂದುಕೊಳ್ಳಿ. ಕೂಲಿಯ ಶೇ 60 ಅಂದರೆ ₹7,200. ಅದನ್ನು 207.98ರಿಂದ ಗುಣಿಸಿದರೆ ₹14,97,456. ಅದರಲ್ಲಿ ಶೇ 30 ಅಂದರೆ ₹4,49,237. ಅದೇ ಗಾಯ 50 ವರ್ಷದವರಿಗೆ ಆದರೆ ₹3,30,674. ಸಾವಾದರೆ ಶೇ 60ರ ಬದಲು ಶೇ 50 ಹಿಡಿದು ಗುಣಿಸುತ್ತಾರೆ. ಚಿಕಿತ್ಸೆಯ ಖರ್ಚು ಇದಕ್ಕೆ ಸೇರಿಲ್ಲ, ಅದನ್ನು ಮಾಲೀಕರು ಬೇರೆಯೇ ಕೊಡಬೇಕು.

ವಾಸಿಯಾಗುವ ಗಾಯಕ್ಕೆ?
ಕೆಲಸಕ್ಕೆ ಹೋಗಲಾಗದಷ್ಟು ದಿನ ತಿಂಗಳ ಕೂಲಿಯ ಶೇ 25ನ್ನು ಅರ್ಧ ತಿಂಗಳಿಗೊಮ್ಮೆ ಕೊಡಬೇಕು. ಗರಿಷ್ಠ ಅವಧಿ 5 ವರ್ಷ.

ಅಂಗವಿಕಲರ ಕಾರ್ಡ್ ಶೇಕಡಾ ಬೇರೆ
ಯುಡಿಐಡಿ ಕಾರ್ಡ್‌ನಲ್ಲಿರೋದು ದೇಹದ ವೈಕಲ್ಯದ ಪ್ರಮಾಣ. ಮಾಸಾಶನಕ್ಕೆ ನೋಡೋದು ಅದನ್ನ. ಪರಿಹಾರಕ್ಕೆ ನೋಡೋದು ದುಡಿಮೆ ಶಕ್ತಿ ಎಷ್ಟು ಹೋಯಿತು ಅನ್ನೋದನ್ನ. ಎರಡನ್ನೂ ಒಂದೇ ಅಂತ ತಿಳಿಯಬಾರದು.

ಮಾಲೀಕರ ಗಮನಕ್ಕೆ
ಒಂದು ತಿಂಗಳು ದಾಟಿದರೂ ಕೊಡದಿದ್ದರೆ ವರ್ಷಕ್ಕೆ ಶೇ 12 ಬಡ್ಡಿ. ಸರಿಯಾದ ಕಾರಣ ಇಲ್ಲದಿದ್ದರೆ ಮೇಲೆ ಶೇ 50ವರೆಗೆ ದಂಡ. "ಇನ್ನೇನೂ ಕೇಳೋದಿಲ್ಲ" ಅಂತ ಛಾಪಾ ಕಾಗದದ ಮೇಲೆ ಬರೆಸಿಕೊಂಡರೆ ಕಾನೂನಿನ ಮುಂದೆ ನಿಲ್ಲದು. ವಿಮಾ ಕಂಪನಿಗಳಲ್ಲಿ ಇದಕ್ಕೆಂದೇ ಪಾಲಿಸಿ ಇದೆ. ಮೊದಲೇ ಮಾಡಿಸಿದ್ದರೆ ದೊಡ್ಡ ಹೊರೆ ತಪ್ಪುತ್ತದೆ.

ಕಾರ್ಮಿಕರು ಮಾಡಬೇಕಾದ್ದು
ಅಪಘಾತ ಆದ 2 ವರ್ಷದೊಳಗೆ ಅರ್ಜಿ ಹಾಕಬೇಕು. ಕೂಲಿ ಚೀಟಿ, ಫೋನ್‌ಪೇ ಅಥವಾ ಬ್ಯಾಂಕ್ ಜಮೆ ವಿವರ, ವಯಸ್ಸಿನ ದಾಖಲೆ, ಆಸ್ಪತ್ರೆಯ ಕಾಗದ ಎಲ್ಲವನ್ನೂ ಎತ್ತಿಡಿ. ಕೂಲಿ ₹12,000 ಇದ್ದು ₹8,000ಕ್ಕೆ ಮಾತ್ರ ದಾಖಲೆ ಸಿಕ್ಕರೆ ಮೇಲಿನ ಲೆಕ್ಕ ₹2,99,491ಕ್ಕೆ ಇಳಿಯುತ್ತದೆ. ವಕೀಲರ ಉಚಿತ ನೆರವಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಬಹುದು, ಇಲ್ಲವೇ 15100ಕ್ಕೆ ಫೋನ್ ಮಾಡಬಹುದು.